ತೋಳಿನ ಅಳತೆ

ದರ್ಜಿಯ ಹೆಂಡತಿ ಆಸ್ಪತ್ರೆಯ ಬೆಂಚಿನ ಮೇಲೆ, ತನ್ನ ಬಲಗೈಯನ್ನೇ ಯಾರದೋ ಮಗುವನ್ನು ಹೊತ್ತುಕೊಂಡಂತೆ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಎದೆಯ ಕ್ಯಾನ್ಸರ್ ಗಡ್ಡೆ ತೆಗೆದು, ಔಷಧಿಯೂ ಮುಗಿದು, ಜೀವಕ್ಕೇನೂ ಭಯವಿಲ್ಲವೆಂದು ದೊಡ್ಡ ಡಾಕ್ಟರು ಹೇಳಿಯಾಗಿತ್ತು. ಉಳಿದದ್ದು ಈ ತೋಳು. ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರಿಂದ ಅದರಲ್ಲಿ ನೀರು ತುಂಬಿ ಬಾವು ಬರಬಹುದಿತ್ತು.

"ಈ ಕೈಯಲ್ಲಿ ಏನು ಮಾಡೋ ಹಾಗಾಗ್ಬೇಕು ನಿಮಗೆ?" ಎಂದು ವ್ಯಾಯಾಮದ ಡಾಕ್ಟರಮ್ಮ ಮೊದಲ ದಿನವೇ ಕೇಳಿದ್ದಳು.

"ಹಸು ಕರೀಬೇಕು."

ಡಾಕ್ಟರಮ್ಮ ನಗದೆ ಅದನ್ನೇ ಬರೆದುಕೊಂಡಿದ್ದಳು. ಹಸು ಈಗ ತಂಗಿಯ ಮನೆಯಲ್ಲಿತ್ತು. ಬಾವು ಬರದಿದ್ದರೆ ಹೊಡೆದುಕೊಂಡು ಬರಬಹುದು. ಬಂದರೆ ತಂಗಿಗೇ ಬಿಡಬೇಕು. ವಾರಕ್ಕೊಮ್ಮೆ ಮನೆಯಲ್ಲೇ ಅಳೆಯಿರಿ, ನಾನು ಬರೆದುಕೊಟ್ಟ ಅಳತೆಗಿಂತ ಎರಡು ಸೆಂಟಿಮೀಟರ್ ಹೆಚ್ಚಾದರೆ ತಡಮಾಡದೆ ಬನ್ನಿ ಎಂದು ಡಾಕ್ಟರಮ್ಮ ಹೇಳಿದ್ದಳು. ಅಳೆಯುವುದಕ್ಕೆ ಮನೆಯಲ್ಲೇ ದರ್ಜಿ ಇದ್ದ; ಟೇಪನ್ನು ಕೊರಳಿಗೆ ಹಾಕಿಕೊಂಡೇ ಹುಟ್ಟಿದವನಂತಿದ್ದ.

ಮೊದಲ ಸಲ ಅಳೆದಾಗಲೇ ಅವನ ಮುಖ ಇಳಿಯಿತು. ಮತ್ತೆ ಅಳೆದು, "ಎರಡು ಹೆಚ್ಚೇ ತೋರಿಸ್ತಿದೆ ಕಣೇ" ಎಂದ. ಮರುದಿನವೇ ಬಸ್ಸು ಹತ್ತಿ ಬಂದಿದ್ದರು.

ಡಾಕ್ಟರಮ್ಮ ತೋಳನ್ನು ಮೇಜಿನ ಮೇಲೆ ಚಾಚಿಸಿ, ಮೊಣಕೈ ಮೇಲಿನ ಗುರುತಿನಲ್ಲಿ ಟೇಪು ಸುತ್ತಿದಳು. ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಸುತ್ತಿದಳು.

"ಹೋದ ಸಲ ಇದ್ದಷ್ಟೇ ಇದೆಯಲ್ಲಮ್ಮ."

"ನಮ್ಮವರು ಅಳೆದಾಗ ಅಷ್ಟೇ ಇರ್ಲಿಲ್ಲ ಮೇಡಂ."

"ನನ್ನ ಅಳತೆ ತಪ್ಪು ಅಂತ ಇವತ್ತಿನವರೆಗೆ ಯಾರೂ ಅಂದಿಲ್ಲ" ಎಂದ ದರ್ಜಿ. ಈ ಸಲವಾದರೂ ತಪ್ಪಾಗಿರಲಿ ಎಂಬ ಆಸೆ ಆ ದನಿಯಲ್ಲೇ ಇತ್ತು.

"ಹಾಗಾದ್ರೆ ನನ್ನೆದುರಿಗೇ ಅಳೀರಿ, ಯಜಮಾನ್ರೇ."

ಅವನು ಅಳೆದ. ಎರಡು ಹೆಚ್ಚು.

"ಆ ಬೆರಳು ಟೇಪಿನ ಒಳಗ್ಯಾಕೆ ಹೋಯ್ತು?"

ದರ್ಜಿ ಬಗ್ಗಿ ನೋಡಿದ. ಅವನ ತೋರುಬೆರಳು ಟೇಪಿಗೂ ತೋಳಿಗೂ ನಡುವೆ ನೆಮ್ಮದಿಯಾಗಿ ಕುಳಿತಿತ್ತು.

"ಅದು... ಸ್ವಲ್ಪ ಸಡಿಲ ಬಿಡ್ಬೇಕಲ್ವಾ? ಇಲ್ದಿದ್ರೆ ಹಾಕ್ಕೊಂಡಾಗ ಬಿಗಿಯಾಗುತ್ತೆ."

"ಏನು ಹಾಕ್ಕೊಂಡಾಗ?"

ಮೊದಲು ನಕ್ಕವಳು ಹೆಂಡತಿಯೇ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ನನ್ನ ಬಾವು ಅಳೀರಿ ಅಂದ್ರೆ ಅಂಗಿಗೆ ಅಳತೆ ತಗೊಂಡ್ರಾ? ನಿಮ್ಮ ಬೆರಳನ್ನೂ ನನ್ನ ಲೆಕ್ಕಕ್ಕೇ ಸೇರಿಸಿಬಿಟ್ರಲ್ಲ."

"ಕೈ ಅಭ್ಯಾಸ ಕಣೇ."

ಬೆರಳು ತೆಗೆದು ಅಳೆದಾಗ ಡಾಕ್ಟರಮ್ಮನ ಅಳತೆಯೇ ಬಂತು. ಟೇಪು ಬಿಚ್ಚಿದ ಮೇಲೂ ದರ್ಜಿ ಆ ತೋಳನ್ನು ಸ್ವಲ್ಪ ಹೊತ್ತು ಬಿಡಲಿಲ್ಲ.

ಡಾಕ್ಟರಮ್ಮ ಹಿಡಿತ ಅಳೆಯುವ ಹಿಡಿಯನ್ನು ಮುಂದಿಟ್ಟಳು. "ಹಸು ನೆನೆಸ್ಕೊಂಡು ಹಿಚುಕಿ." ಮುಳ್ಳು ಹೋದ ಸಲದ ಗೆರೆ ದಾಟಿ ನಿಂತಿತು. "ಕರೀಬಹುದಮ್ಮ. ಬಾವು ಬರದ ಹಾಗೆ ತೋಳಿಗೆ ಬಿಗಿ ಪಟ್ಟಿ ಹಾಕ್ಕೊಳ್ಳಿ. ಸುಸ್ತು ಅನಿಸಿದ್ರೆ ಎಡಗೈಗೆ ಬಿಡಿ."

ಬಸ್ಸಿನಲ್ಲಿ ದರ್ಜಿ ಟಿಕೆಟ್ಟಿಗೆ ಕೈ ಚಾಚುವಷ್ಟರಲ್ಲಿ ಅವಳು ಮೊಣಕೈಯಲ್ಲಿ ತಿವಿದಳು, ಬಲ ಮೊಣಕೈಯಲ್ಲೇ.

"ತಂಗಿ ಊರಿಗೆ ತಗೊಳ್ಳಿ."

"ಇವತ್ತೇನಾ? ಕಟ್ಟಿಕೊಂಡು ಬರೋಕೆ ಹಗ್ಗ ಬೇಡ್ವಾ?"

"ಕೊರಳಲ್ಲಿ ನೇತಾಡ್ತಿದೆಯಲ್ಲ."

ದರ್ಜಿ ಟೇಪನ್ನು ಮೆಲ್ಲಗೆ ತೆಗೆದು, ಸುತ್ತಿ, ಜೇಬಿಗೆ ಹಾಕಿಕೊಂಡ. ಆಮೇಲೆ ಕಂಡಕ್ಟರಿಗೆ ಅವಳ ತಂಗಿಯ ಊರಿನ ಹೆಸರು ಹೇಳಿದ.