ಖಾಲಿ ಪೆನ್‌ಡ್ರೈವ್ ಕೊಡಬಾರದು

ಮಾನ್ವಿ ಬಸ್ ನಿಲ್ದಾಣದ ಎದುರಿನ ಗುಲ್ಫಶಾಳ ಆನ್‌ಲೈನ್ ಸೆಂಟರಿನಲ್ಲಿದ್ದ ಒಂದೇ ಒಂದು ಕಂಪ್ಯೂಟರ್ ಸೋಮವಾರ ಬೆಳಿಗ್ಗೆ ಹೇಳದೆ ಕೇಳದೆ ಕೈಕೊಟ್ಟಿತು. ಪೂರ್ತಿ ಸತ್ತಿದ್ದರೆ ಗುಜರಿಗೆ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಇದು ಹಾಗಲ್ಲ. ಒಳಗೆ ಫ್ಯಾನು ತಿರುಗುತ್ತದೆ, ಹೊರಗೆ ದೀಪ ಉರಿಯುತ್ತದೆ, ಪರದೆಯ ಮೇಲೆ ಮಾತ್ರ ಕಪ್ಪಿನ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಸಾಲು: ಆಪರೇಟಿಂಗ್ ಸಿಸ್ಟಮ್ ಸಿಗಲಿಲ್ಲ. ನಿನ್ನೆ ಸಂಜೆಯವರೆಗೂ ಅಲ್ಲೇ ಇದ್ದದ್ದು ಎದ್ದು ಎಲ್ಲಿಗೆ ಹೋಯಿತು ಎಂದು ಕೇಳಿದರೆ ಆ ಸಾಲು ಉತ್ತರ ಕೊಡುವುದಿಲ್ಲ.

ಆ ಅಂಗಡಿಯಲ್ಲಿ ಮೊದಲು ಗುಲ್ಫಶಾಳ ತಂದೆ ಅಲ್ಲಾಬಕ್ಷ್ ಬಳೆ ಮಾರುತ್ತಿದ್ದರು. ಮಗಳು ಬಿ.ಕಾಂ ಮುಗಿಸಿ ಹಟ ಹಿಡಿದಳೆಂದು ಬಿಟ್ಟುಕೊಟ್ಟರೇ ಹೊರತು ಅವರ ಮನಸ್ಸು ಇನ್ನೂ ಒಪ್ಪಿರಲಿಲ್ಲ. ಅವರ ತಕರಾರು ಒಂದೇ, ಅದನ್ನು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. "ಅಂಗಡಿ ಅಂದ್ರ ಮಾಲ್ ಕಾಣಬೇಕು ಬೇಟಾ. ನಿನ್ನ ಅಂಗಡ್ಯಾಗ ಏನದ? ಒಂದು ಕುರ್ಚಿ, ಒಂದು ಡಬ್ಬಿ. ಖಾಲಿ."

ಮಾಲು ಕಾಣುವ ಅಂಗಡಿಯ ಆಸೆ ತೋರಿಸಲು ದೇವದುರ್ಗದಿಂದ ಸೊಹೇಲ್ ಬರುತ್ತಿದ್ದ. ಅಲ್ಲಾಬಕ್ಷರ ಅಕ್ಕನ ಮಗ. ದೇವದುರ್ಗದಲ್ಲಿ ಅವನ ಚಿಕನ್ ಸೆಂಟರ್ ಜೋರಾಗಿ ನಡೆದಿತ್ತು, ಮಾನ್ವಿಯಲ್ಲೊಂದು ತೆರೆಯಬೇಕೆಂದು ಅವನಿಗೆ ಚಡಪಡಿಕೆ. ಬರುವಾಗೆಲ್ಲ ಒಂದು ಸ್ಟೀಲ್ ಡಬ್ಬಿಯ ತುಂಬ ಕೋಳಿ ಸಾರು ತರುತ್ತಿದ್ದ. ಮಾವ ಅದನ್ನು ಚಪ್ಪರಿಸುತ್ತಿರುವಾಗ ಅವನು ಕಣ್ಣಿನಲ್ಲೇ ಅಂಗಡಿಯ ಗೋಡೆ ಅಳೆಯುತ್ತಿದ್ದ, ಬೋನು ಎಲ್ಲಿ, ಕೊಯ್ಯುವ ಮರದ ಕೊರಡು ಎಲ್ಲಿ ಎಂದು. ಗುಲ್ಫಶಾಳಿಗೆ ಅವನನ್ನು ಕಂಡರೆ ಮೈ ಉರಿಯುತ್ತಿತ್ತು. ಆದರೂ ಅವಳ ತಾಯಿ ಹಸೀನಾ ಬೇಗಂ ಆ ಡಬ್ಬಿಯನ್ನು ತೊಳೆದು, ಸಕ್ಕರೆಯನ್ನೋ ಖರ್ಜೂರವನ್ನೋ ತುಂಬಿಯೇ ಹಿಂದಕ್ಕೆ ಕೊಡುತ್ತಿದ್ದರು. ಬಂದ ಡಬ್ಬಿಯನ್ನು ಖಾಲಿ ಕಳಿಸುವುದೆಂದರೆ ಇನ್ನು ನಮ್ಮ ಬಾಗಿಲಿಗೆ ಬರಬೇಡ ಎಂದಂತೆ. "ಖಾಲಿ ಡಬ್ಬಾ ನಕ್ಕೋ ಭೇಜೋ", ಖಾಲಿ ಡಬ್ಬಿ ಕಳಿಸಬೇಡ, ಎನ್ನುವುದನ್ನು ಗುಲ್ಫಶಾ ಹಾಲು ಕುಡಿಯುವ ವಯಸ್ಸಿನಿಂದ ಕೇಳಿಕೊಂಡು ಬೆಳೆದವಳು.

ಕಂಪ್ಯೂಟರ್ ಕೆಟ್ಟ ಸುದ್ದಿ ದೇವದುರ್ಗಕ್ಕೆ ಹೇಗೆ ಮುಟ್ಟಿತೋ, ಮಂಗಳವಾರವೇ ಸೊಹೇಲ್ ಡಬ್ಬಿ ಹಿಡಿದು ಹಾಜರಾದ. ಊಟವಾದ ಮೇಲೆ ಅಲ್ಲಾಬಕ್ಷ್ ಮಗಳ ಮುಖ ನೋಡದೆ ತೀರ್ಪು ಹೇಳಿದರು.

"ಶುಕ್ರವಾರ ಜುಮ್ಮಾ ನಮಾಜ್ ಮುಗಿಸಿ ಬರೂತನಕ ನೋಡ್ತೀನಿ. ಅಷ್ಟರಾಗ ನಿನ್ನ ಡಬ್ಬಿ ಚಾಲೂ ಆಗಲಿಲ್ಲಂದ್ರ ಶಟರ್ ಸೊಹೇಲಗ."

ಗುಲ್ಫಶಾ ಆಗಲಿ ಎಂದಳು.

ಇಂಥ ಹೊತ್ತಿಗೆ ಬೇಕಾಗುವುದು ಆಪರೇಟಿಂಗ್ ಸಿಸ್ಟಮ್ ತುಂಬಿದ ಒಂದು ಪೆನ್‌ಡ್ರೈವ್. ಅದನ್ನು ಚುಚ್ಚಿದರೆ ಕಂಪ್ಯೂಟರ್ ಅದನ್ನೇ ಹಿಡಿದುಕೊಂಡು ಎದ್ದು ಕೂರುತ್ತದೆ, ಆಮೇಲೆ ಹೊಸದಾಗಿ ಎಲ್ಲವನ್ನೂ ಒಳಗೆ ಇಳಿಸಿಕೊಳ್ಳುತ್ತದೆ. ಆದರೆ ಅಂಥ ಪೆನ್‌ಡ್ರೈವ್ ಮಾಡಲು ನಡೆಯುವ ಕಂಪ್ಯೂಟರ್ ಬೇಕು. ಊರಿನ ಬೇರೆ ಸೆಂಟರಿನವರನ್ನು ಕೇಳಿದರೆ ಪೆನ್‌ಡ್ರೈವ್ ಕೊಡುವುದಕ್ಕಿಂತ ಮೊದಲು ಅವಳ ಗಿರಾಕಿಗಳಿಗೆ ಸುದ್ದಿ ಕೊಡುತ್ತಾರೆ. ರಾಯಚೂರಿನ ತೀನ್ ಕಂದೀಲ್ ಹತ್ತಿರ ಅವಳ ಚಿಕ್ಕಮ್ಮನ ಮಗ ವಸೀಮನ ರಿಪೇರಿ ಅಂಗಡಿಯಿತ್ತು. ಅವನು ಸಿಪಿಯು ಹೊತ್ತುಕೊಂಡು ಬಾ ಎಂದ. ಡಬ್ಬಿ ಅಂಗಡಿಯಿಂದ ಒಮ್ಮೆ ಹೊರಗೆ ಹೋಯಿತೆಂದರೆ ಆ ಜಾಗದಲ್ಲಿ ಕೋಳಿ ಬಂದು ಕೂರುತ್ತದೆ ಎನ್ನುವುದು ಗುಲ್ಫಶಾಳಿಗೆ ಗೊತ್ತಿತ್ತು. ಕೊನೆಗೆ ವಸೀಮನೇ ಪೆನ್‌ಡ್ರೈವ್ ಮಾಡಿ ಕನಕರಾಯನ ಕೈಯಲ್ಲಿ ಕಳಿಸುವುದೆಂದಾಯಿತು. ಕನಕರಾಯ ಕಲ್ಲೂರಿನವನು, ರಾಯಚೂರಿಗೂ ಮಾನ್ವಿಗೂ ಕ್ರೂಸರ್ ಗಾಡಿ ಓಡಿಸುವವನು. ಔಷಧಿ, ಮದುವೆ ಪತ್ರಿಕೆ, ಹೊಲಿದ ರವಿಕೆ, ಏನು ಕೊಟ್ಟರೂ ಸರಿಯಾದ ಮನೆಗೆ ಮುಟ್ಟಿಸುತ್ತಾನೆ ಎಂದು ಆ ದಾರಿಯಲ್ಲೆಲ್ಲ ಹೆಸರು.

ಪೆನ್‌ಡ್ರೈವ್ ಬುಧವಾರ ಬಂತು. ಗುಲ್ಫಶಾ ಬಿಸ್ಮಿಲ್ಲಾ ಎಂದು ಚುಚ್ಚಿ, ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಳು.

"ಆನ್ ಆಗೂದ್ರಾಗ ಎಫ್ ಹನ್ನೆರಡು ಒತ್ತು" ಎಂದ ವಸೀಮ.

ಒತ್ತಿದಳು. ಸಿಗಲಿಲ್ಲ ಎಂದಿತು ಪರದೆ.

"ಬಯೋಸ್‌ನಾಗ ಹೋಗಿ ಪೆನ್‌ಡ್ರೈವ್ ಮೊದಲಿಗೆ ತಾ." ಕಂಪ್ಯೂಟರ್ ಯಾವುದನ್ನು ಮೊದಲು ಹುಡುಕಬೇಕೆನ್ನುವ ಪಟ್ಟಿಯಲ್ಲಿ ಅದನ್ನು ಮೇಲಕ್ಕೆ ತಂದಳು. ಸಿಗಲಿಲ್ಲ. "ಸೆಕ್ಯೂರ್ ಬೂಟ್ ಬಂದ್ ಮಾಡು." ಮಾಡಿದಳು. ಸಿಗಲಿಲ್ಲ. "ಮುಂದಿನ ತೂತಿಗೆ ಬ್ಯಾಡ, ಹಿಂದಿನ ತೂತಿಗೆ ಹಾಕು." ಮೇಜಿನ ಕೆಳಗೆ ನುಸುಳಿ, ಜೇಡರ ಬಲೆ ತಲೆಗೆ ಸುತ್ತಿಕೊಂಡು ಹಿಂದಿನ ತೂತಿಗೂ ಹಾಕಿದಳು. ಪರದೆ ತನ್ನ ಮಾತು ಬದಲಿಸಲಿಲ್ಲ.

"ಇಲ್ಲಿ ಚಲೋ ನಡೀತದ. ನಾನೇ ನೋಡಿ ಕಳಿಸೀನಿ" ಎಂದು ವಸೀಮ ಮುನಿಸಿಕೊಂಡ.

ಅಷ್ಟರಲ್ಲಿ ಪಕ್ಕದ ಚಹಾದಂಗಡಿಯ ಗುಲಾಮ್ ದಸ್ತಗೀರ್ ಮತ್ತು ಅವನ ಗಿರಾಕಿಗಳು ಗ್ಲಾಸು ಹಿಡಿದುಕೊಂಡೇ ಬಂದು ನಿಂತಿದ್ದರು. ಇಂಥ ಕೆಲಸಕ್ಕೆ ನಮ್ಮ ಜನರಲ್ಲಿ ಪುರುಸೊತ್ತಿಗೆ ಬರವಿಲ್ಲ. ಒಬ್ಬರು ಪೆನ್‌ಡ್ರೈವನ್ನು ಉಲ್ಟಾ ಹಾಕಲು ಹೇಳಿದರು. ಇನ್ನೊಬ್ಬರು ರಾಯಚೂರಿನ ಬಿಸಿಲಿನಲ್ಲಿ ಅದು ಕಾದಿದೆ, ಸ್ವಲ್ಪ ಹೊತ್ತು ನೀರಿನ ಮಡಕೆಯ ಮೇಲಿಡಿ ಎಂದರು. ಹಸೀನಾ ಬೇಗಂ ಮನೆಗೆ ಸೇರಿದ ಹಿಂದಿನ ಬಾಗಿಲಿನಿಂದ ಬಂದು ಕೆಂಪು ಮೆಣಸಿನಕಾಯಿ ನಿವಾಳಿಸಿ, ಕೆಂಡಕ್ಕೆ ಹಾಕಿ ದೃಷ್ಟಿ ತೆಗೆದರು. ಅದರ ಘಾಟಿಗೆ ಎಲ್ಲರೂ ಕೆಮ್ಮಿದರು, ಕಂಪ್ಯೂಟರ್ ಮಾತ್ರ ಕೆಮ್ಮಲಿಲ್ಲ.

"ಆ ಪೆನ್‌ಡ್ರೈವ್ ದಾರ್‍ಯಾಗ ಹಾಳಾಗಿರಬೇಕು. ಹೊಸಾದು ಕಳಸ್ತೀನಿ" ಎಂದ ವಸೀಮ.

ಗುರುವಾರ ಹೊಸದು ಬಂತು. ಕನಕರಾಯ ಅದನ್ನು ಎರಡೂ ಕೈಯಿಂದ ಕೊಟ್ಟು, ಏನನ್ನೋ ನಿರೀಕ್ಷಿಸುವವನಂತೆ ಸ್ವಲ್ಪ ಹೊತ್ತು ನಿಂತ. ಗುಲ್ಫಶಾ ಗಮನಿಸಲಿಲ್ಲ. ಅವಳು ಆಗಲೇ ಎಫ್ ಹನ್ನೆರಡು ಒತ್ತುತ್ತಿದ್ದಳು, ಪರದೆ ಆಗಲೇ ಸಿಗಲಿಲ್ಲ ಎನ್ನುತ್ತಿತ್ತು. ಅವಳ ಕಣ್ಣು ತುಂಬಿ ಬಂತು.

ಅದನ್ನು ನೋಡಲಾಗದೆ ದಸ್ತಗೀರ್ ಕೈ ಚಾಚಿದ. "ಕೊಡ್ರಿಲ್ಲೆ. ಜೀವ ಅದನೋ ಇಲ್ಲೋ ನನ್ನ ಸ್ಪೀಕರಿಗೆ ಹಾಕಿ ನೋಡೂನು."

ಆಪರೇಟಿಂಗ್ ಸಿಸ್ಟಮನ್ನು ಸ್ಪೀಕರಿನಲ್ಲಿ ಕೇಳುವುದು ಹೇಗೆ ಎಂದು ಹೇಳುವಷ್ಟು ತ್ರಾಣ ಗುಲ್ಫಶಾಳಿಗೆ ಉಳಿದಿರಲಿಲ್ಲ. ದಸ್ತಗೀರ್ ಚುಚ್ಚಿದ. ಬಸ್ ನಿಲ್ದಾಣವೆಲ್ಲ ನಡುಗುವಂತೆ ಡೊಳ್ಳಿನ ಪದ ಮೊಳಗಿತು. ನಿನ್ನೆಯದನ್ನು ಚುಚ್ಚಿದ. ಖವ್ವಾಲಿ ಎದ್ದಿತು. ಗಾಡಿ ತಿರುಗಿಸುತ್ತಿದ್ದ ಕನಕರಾಯ ಅದನ್ನು ಕೇಳಿ ಬ್ರೇಕ್ ಹಾಕಿ, ಮುಖ ಅರಳಿಸಿಕೊಂಡು ಇಳಿದು ಬಂದ.

"ಹಾಡು ಸೇರಿದವೇನ್ರಿ ಅಕ್ಕಾರ?"

ಇದನ್ನು ಒಳಗೆ ಹಾಕಿದ್ದು ಯಾರು ಎಂದು ಗುಲ್ಫಶಾ ಕೇಳಿದಳು. ಕನಕರಾಯನೇ ಬಿಡಿಸಿ ಹೇಳಿದ. ಯಾರ ಪೆನ್‌ಡ್ರೈವ್ ಕೈಗೆ ಬಂದರೂ ಒಮ್ಮೆ ಗಾಡಿಯ ಟೇಪಿಗೆ ಹಾಕಿ ನೋಡುವುದು ಆ ದಾರಿಯ ಡ್ರೈವರುಗಳ ಪದ್ಧತಿ. ಹಾಕಿದಾಗ ಟೇಪು ಒಳಗೆ ಏನೂ ಇಲ್ಲ ಎಂದಿತು. ಆ ಟೇಪಿಗೆ ಹಾಡು ಬಿಟ್ಟರೆ ಬೇರೇನೂ ಕಾಣುವುದಿಲ್ಲ ಎಂದು ಅವನಿಗೇನು ಗೊತ್ತು.

"ಒಬ್ಬರ ಮನಿಗೆ ಖಾಲಿ ಮುಟ್ಟಸೂದು ಹ್ಯಾಂಗ್ರಿ? ನಮ್ಮವ್ವ ಹಂಗ ಬೆಳಿಸಿಲ್ಲ ನನ್ನ. ಕಲ್ಲೂರಾಗ ಗಾಡಿ ನಿಲ್ಲಿಸಿ ಮೊಬೈಲ್ ಅಂಗಡ್ಯಾಗ ಹಾಡು ತುಂಬಿಸಿದೆ. ಅಂವ ಏನೋ ಕಸ ಅದ ಅಂದ, ಸ್ವಚ್ಛ ಮಾಡಿ ತುಂಬಪಾ ಅಂದೆ. ಮೊದಲನೇ ಸಲ ನಿಮ್ಮ ಮಂದೀದು ಅಂತ ಖವ್ವಾಲಿ. ನೀವು ಒಂದು ಮಾತೂ ಅನಲಿಲ್ಲ. ಸೇರಲಿಲ್ಲೇನೋ ಅಂತ ಇವತ್ತು ಡೊಳ್ಳಿನ ಪದ."

ಬೈಯುವುದು ಯಾರಿಗೆ? ತನ್ನ ತಾಯಿ ಇಷ್ಟು ವರ್ಷ ಹೇಳಿಕೊಟ್ಟದ್ದನ್ನೇ ಈ ಮನುಷ್ಯ ಚಾಚೂ ತಪ್ಪದೆ ಮಾಡಿದ್ದ. ಅದೂ ತನ್ನ ಕೈಯಿಂದ ಖರ್ಚು ಮಾಡಿ. ಗುಲ್ಫಶಾಳಿಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು, ಎರಡನ್ನೂ ದುಪಟ್ಟಾದಲ್ಲಿ ಒರೆಸಿಕೊಂಡಳು.

"ಕನಕರಾಯಣ್ಣ, ನಾಳೆ ವಸೀಮ ಇನ್ನೊಂದು ಕೊಡ್ತಾನ. ಟೇಪಿಗೆ ಹಾಕಬ್ಯಾಡ್ರಿ. ಅದು ಖಾಲಿ ಇರಂಗಿಲ್ಲ, ತುಂಬಿರ್ತದ. ಟೇಪಿಗೆ ಕಾಣಂಗಿಲ್ಲ ಅಷ್ಟ."

ಕನಕರಾಯ ಮುಟ್ಟುವುದಿಲ್ಲವೆಂದು ಆಣೆ ಮಾಡಿದ. ಆದರೆ ಅವನ ಮುಖದಲ್ಲಿ ಸಮಾಧಾನವಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಅಲ್ಲಾಬಕ್ಷ್ ಟೋಪಿ ಹಾಕಿಕೊಂಡು ಮಸೀದಿಗೆ ಹೊರಟರು. ಅವರ ಬೆನ್ನು ಮರೆಯಾಗುತ್ತಲೇ ಟೆಂಪೋ ಒಂದು ಬಂದು ಬೋನುಗಳನ್ನು ಅಂಗಡಿಯ ಮುಂದೆ ಇಳಿಸಿ ಅಲ್ಲೇ ನಿಂತಿತು. ಸೊಹೇಲ್ ಬಿಳಿ ಅಂಗಿ ಹಾಕಿಕೊಂಡು, ಕೈಯಲ್ಲಿ ಡಬ್ಬಿ ಹಿಡಿದು ಬಂದ. ಡಬ್ಬಿಯನ್ನು ಹಿಂದಿನ ಬಾಗಿಲಿನಲ್ಲಿ ಅತ್ತೆಗೆ ಕೊಟ್ಟು, ಬೋನಿನ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತ. ಕೋಳಿಗಳು ಕತ್ತು ಚಾಚಿ ಪರದೆಯ ಬಿಳಿ ಸಾಲನ್ನು ನೋಡಿದವು.

ಕ್ರೂಸರ್ ಬಂತು. ಈ ಸಲ ಮೊದಲು ಇಳಿದವಳು ಕನಕರಾಯನ ತಾಯಿ ಜಂಬಮ್ಮ. ಮತ್ತೆ ಟೇಪಿಗೆ ಹಾಕದೆ ಇರುತ್ತಾನೆಂದು ಮಗನ ಮೇಲೆ ಭರವಸೆಯಿಲ್ಲದೆ ಮುದುಕಿ ಕಲ್ಲೂರಿನಲ್ಲಿ ಗಾಡಿ ಹತ್ತಿ, ಪೆನ್‌ಡ್ರೈವನ್ನು ತನ್ನ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಬಂದಿದ್ದಳು. ಆದರೆ ಗಂಟು ಬಿಚ್ಚುವ ಮೊದಲು ಅವಳಿಗೊಂದು ವಿಚಾರಣೆ ಇತ್ತು.

"ತುಂಬೇದ ಅಂತೀಯಂತಲ್ಲವ್ವಾ. ತುಂಬಿದ್ದು ಭಾರ ಇರಬೇಕಲ್ಲ? ಇದು ಹುಣಸಿ ಬೀಜಕ್ಕಿಂತ ಹಗರ ಅದ."

"ತುಂಬಿದ್ರೂ ಖಾಲಿ ಇದ್ರೂ ಭಾರ ಅಷ್ಟ ಇರ್ತದ ಯವ್ವಾ."

"ಹಂಗಾದ್ರ ತುಂಬೇದಂತ ಯಾರಿಗೆ ಗೊತ್ತಾಗ್ತದ?"

"ಕಂಪ್ಯೂಟರಿಗೆ ಗೊತ್ತಾಗ್ತದ."

"ಅದು ಸತ್ತದ ಅಂದ ನನ್ನ ಮಗ."

ಜಂಬಮ್ಮ ಗೆದ್ದ ಸಮಾಧಾನದಲ್ಲಿ ಗಂಟು ಬಿಚ್ಚಿದಳು. ಪೆನ್‌ಡ್ರೈವಿನ ಜೊತೆ ಒಂದು ಹೆಂಟೆ ಬೆಲ್ಲವೂ ಇತ್ತು. ಒಂದು ವೇಳೆ ಅದು ಖಾಲಿ ಇದ್ದರೆ ಇದಾದರೂ ಇರಲಿ ಎಂದು ಅವಳೇ ಹಾಕಿದ್ದಳು. ರಾಯಚೂರು ಸೀಮೆಯ ಬಿಸಿಲಿಗೆ ಬೆಲ್ಲ ಕರಗಿ ಪೆನ್‌ಡ್ರೈವಿನ ಬಾಯಿಯ ತುಂಬ ಅಂಟಿಕೊಂಡಿತ್ತು, ಒಂದು ಇರುವೆ ಆಗಲೇ ಒಳಗೆ ಇಣುಕುತ್ತಿತ್ತು.

ಮಸೀದಿಯ ಕಡೆಯಿಂದ ಜನ ಹೊರಬೀಳುವುದು ಕಾಣಿಸಿತು. ಗುಲ್ಫಶಾ ಮನೆಯೊಳಗೆ ಓಡಿ ಹಲ್ಲುಜ್ಜುವ ಹಳೆಯ ಬ್ರಶ್ ತಂದಳು. ದಸ್ತಗೀರ್ ಕೈಗೆ ಹಚ್ಚುವ ಸ್ಯಾನಿಟೈಜರ್ ಹಿಂಡಿದ. ಕನಕರಾಯ ಇರುವೆಯನ್ನು ಹುಷಾರಾಗಿ ಊದಿದ. ಗುಲ್ಫಶಾ ಉಜ್ಜಿ, ಒರೆಸಿ, ಚುಚ್ಚಿ, ಎಫ್ ಹನ್ನೆರಡರ ಮೇಲೆ ಬೆರಳಿಟ್ಟಳು.

ಪರದೆ ಕಪ್ಪಾಗಿಯೇ ಇತ್ತು. ಸೊಹೇಲ್ ಎದ್ದು ಅಂಗಿ ಝಾಡಿಸಿಕೊಂಡ. ಆಮೇಲೆ ಕಪ್ಪಿನ ನಡುವೆ ನೀಲಿ ಬೆಳಕು ಮೂಡಿತು, ಅದರ ಕೆಳಗೆ ಸಣ್ಣ ಚುಕ್ಕೆಗಳು ಒಂದರ ಹಿಂದೊಂದು ಸುತ್ತತೊಡಗಿದವು. ಗುಲ್ಫಶಾ ಇಷ್ಟು ಸಂತೋಷಪಟ್ಟದ್ದು ಪರೀಕ್ಷೆ ಪಾಸಾದ ದಿನವೂ ಇರಲಿಕ್ಕಿಲ್ಲ.

ಅಲ್ಲಾಬಕ್ಷ್ ಬಂದಾಗ ಪರದೆಯ ಮೇಲೆ ಶೇಕಡಾ ಲೆಕ್ಕ ಏರುತ್ತಿತ್ತು.

"ಏನಿದು?"

"ತುಂಬಾಕತ್ತದ ಅಬ್ಬಾ."

ಅವರು ಕುರ್ಚಿ ಎಳೆದುಕೊಂಡು ಕುಳಿತರು. ಅಂಕಿ ಏರಿದಂತೆಲ್ಲ ಅವರ ಹುಬ್ಬೂ ಏರಿತು. ಪೆನ್‌ಡ್ರೈವನ್ನು ನೋಡಿದರು, ಪರದೆಯನ್ನು ನೋಡಿದರು. "ಇಷ್ಟೆಲ್ಲ ಇದರಾಗಿತ್ತೇನು?" ಎಂದರು. ಹಿಂದಿನಿಂದ ಇಣುಕುತ್ತಿದ್ದ ಜಂಬಮ್ಮ, "ನಾನೂ ನಂಬಿರಲಿಲ್ಲ ಯಪ್ಪಾ" ಎಂದಳು.

ಆದರೆ ಸೊಹೇಲ್ ಸುಲಭಕ್ಕೆ ಬಿಡುವವನಲ್ಲ. ಮಾವನ ಪಕ್ಕ ಬಂದು ದನಿ ಮೆತ್ತಗೆ ಮಾಡಿದ. "ಚಾಲೂ ಆತು, ಖುಷಿ ಆತು ಮಾಮು. ಕಂಪ್ಯೂಟರ್ ಡಬ್ಬಿಗೆ ಒಂದು ಮೂಲಿ ಸಾಕಲ್ಲ? ಅರ್ಧಾ ಅಂಗಡಿ ಆದ್ರೂ ಕೊಡ್ರಿ. ಕೋಳಿ ಇಳಿಸಿಬಿಟ್ಟೀನಿ."

ಅಲ್ಲಾಬಕ್ಷ್ ಅಕ್ಕನ ಮಗನಿಗೆ ಇಲ್ಲ ಎಂದವರೇ ಅಲ್ಲ. ಮಗಳ ಕಡೆ ತಿರುಗಿದರು. "ಅರ್ಧಾ ಕೊಟ್ರ ಏನಾಗ್ತದ ಬೇಟಾ?"

ಏನಾಗುತ್ತದೆ ಎನ್ನುವುದು ಗುಲ್ಫಶಾಳಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಇವತ್ತು ಅರ್ಧ, ಬಕ್ರೀದ್ ಬರುವುದರೊಳಗೆ ಪೂರ್ತಿ. ಆದರೆ ಹಿರಿಯರ ಮುಂದೆ ನೆಂಟನಿಗೆ ಇಲ್ಲ ಎನ್ನುವ ಮಾತು ಅವಳ ಬಾಯಿಗೆ ಬರಲಿಲ್ಲ. ಅದೇ ಹೊತ್ತಿಗೆ ಹಸೀನಾ ಬೇಗಂ ಹಿಂದಿನ ಬಾಗಿಲಿನಿಂದ ಸೊಹೇಲನ ಡಬ್ಬಿಯನ್ನು ಚಾಚಿದರು. ತೊಳೆದು ಒರೆಸಿ, ಕಂಠದ ತನಕ ಸಕ್ಕರೆ ತುಂಬಿತ್ತು.

ಗುಲ್ಫಶಾ ಡಬ್ಬಿ ತೆಗೆದುಕೊಂಡಳು. ಒಂದು ಗಳಿಗೆ ಅದನ್ನು ಹಿಡಿದುಕೊಂಡು ನಿಂತಳು. ಆಮೇಲೆ ಜಂಬಮ್ಮನ ಹತ್ತಿರ ಹೋಗಿ, "ಸೆರಗು ಒಡ್ಡು ಯವ್ವಾ. ನಿನ್ನ ಗಂಟು ಖಾಲಿ ಕಳಸಬಾರದು" ಎಂದಳು. ಮುದುಕಿ ಒಡ್ಡಿದಳು. ಗುಲ್ಫಶಾ ಸಕ್ಕರೆಯನ್ನೆಲ್ಲ ಅದಕ್ಕೆ ಸುರಿದು, ತಳಕ್ಕೆ ಎರಡು ಸಲ ತಟ್ಟಿ, ದುಪಟ್ಟಾದ ತುದಿಯಿಂದ ಒಳಗೆಲ್ಲ ಒರೆಸಿ, ಮುಚ್ಚಳ ಹಾಕಿ, ಸೊಹೇಲನ ಕೈಗೆ ಕೊಟ್ಟಳು. ಎರಡೂ ಕೈಯಿಂದ, ಮರ್ಯಾದೆಯಿಂದಲೇ ಕೊಟ್ಟಳು.

ಜಂಬಮ್ಮ ತುಂಬಿದ ಸೆರಗನ್ನು ಎದೆಗೆ ಒತ್ತಿಕೊಂಡು ಆ ಡಬ್ಬಿಯನ್ನೇ ನೋಡುತ್ತಿದ್ದಳು. ಹಸೀನಾ ಬೇಗಂ ಬಾಗಿಲಿನಲ್ಲಿ ಬಾಯಿಗೆ ಕೈ ಹಿಡಿದುಕೊಂಡಿದ್ದರು. ಸೊಹೇಲ್ ಡಬ್ಬಿಯನ್ನು ಕೈಯಲ್ಲಿ ತೂಗಿ ನೋಡಿದ. ನಂಬಿಕೆ ಬಾರದೆ ಮುಚ್ಚಳ ತೆಗೆದು ಒಳಗೆ ನೋಡಿದ, ತಿರುಗಿ ಮುಚ್ಚಿದ. ಮಾವನ ಮುಖ ನೋಡಿದ.

ಅಲ್ಲಾಬಕ್ಷ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಕನಕರಾಯಾ, ಬೋನು ಟೆಂಪೋಕ ಏರಿಸಾಕ ಸೊಹೇಲಗ ಒಂದು ಕೈ ಹಚ್ಚಪಾ" ಎಂದರು. ಆಮೇಲೆ ಮಗಳನ್ನು ಕರೆದು, ಇನ್ನೂ ಎಷ್ಟು ತುಂಬಬೇಕು ಎಂದು ಕೇಳಿದರು.