ಬಿದ್ದ ವಿಮಾನಕ್ಕೆ ಮೊದಲ ಪ್ರಶ್ನೆ

ನಮ್ಮ ಮನೆಯಲ್ಲಿ ಬಟ್ಟೆ ಒಣಗಿಸುವ ಕ್ಲಿಪ್ಪುಗಳು ಉಳಿಯುವುದಿಲ್ಲ. ಮುಳಬಾಗಿಲಿನ ಪೇಟೆಯಿಂದ ಎಷ್ಟು ತಂದು ಹಾಕಿದರೂ ತಿಂಗಳು ತುಂಬುವುದರೊಳಗೆ ತಂತಿಯ ಮೇಲೆ ಮೂರೋ ನಾಲ್ಕೋ ಅಳ್ಳಾಡುತ್ತಿರುತ್ತವೆ, ನನ್ನ ಸೀರೆ ಪಕ್ಕದ ಮನೆಯ ನುಗ್ಗೆಮರದ ಮೇಲಿರುತ್ತದೆ. ಕಳ್ಳ ಹೊರಗಿನವನಲ್ಲ, ನನ್ನ ಯಜಮಾನರೇ. ಹೆಸರು ರಾಘವೇಂದ್ರ ರಾವ್, ಸಹಕಾರ ಸಂಘವೊಂದರಲ್ಲಿ ಅಕೌಂಟೆಂಟು. ತಲೆ ತಗ್ಗಿಸಿಕೊಂಡು ಆಫೀಸಿಗೆ ಹೋಗಿ ತಲೆ ತಗ್ಗಿಸಿಕೊಂಡು ಬರುತ್ತಿದ್ದ ಈ ಮನುಷ್ಯ ನಲವತ್ತು ದಾಟಿದ ಮೇಲೆ ಯಲಹಂಕಕ್ಕೆ ವಿಮಾನ ಪ್ರದರ್ಶನ ನೋಡಲು ಹೋದರು. ಅಲ್ಲಿಂದ ಬಂದವರು ಥರ್ಮಾಕೋಲು, ಮೋಟರು, ಆಂಟೆನಾ ಇರುವ ಒಂದು ರೇಡಿಯೋ ಪೆಟ್ಟಿಗೆ ತರಿಸಿಕೊಂಡು ನೆಲದ ಮೇಲೆ ನಿಂತೇ ಪುಟ್ಟ ವಿಮಾನ ಹಾರಿಸುವ ಹುಚ್ಚು ಹತ್ತಿಸಿಕೊಂಡರು. ಇದು ಎರಡು ಸಾವಿರದ ಮೂರನೇ ಇಸವಿಯ ಮಾತು.

ಹಾರಿಸುವ ಹುಚ್ಚು ಎಂದೆನಲ್ಲ, ಅದನ್ನು ತಿದ್ದಬೇಕು. ಇವರ ಕೈಯಲ್ಲಿ ವಿಮಾನ ಹಾರಿದ್ದಕ್ಕಿಂತ ಬಿದ್ದದ್ದೇ ಜಾಸ್ತಿ. ನಮ್ಮಿಂದ ದೂರ ಹೋಗುವಾಗ ಸರಿ ಇರುವ ಎಡ ಬಲ, ವಿಮಾನ ನಮ್ಮ ಕಡೆ ತಿರುಗಿ ಬರುವಾಗ ಅದಲುಬದಲಾಗುತ್ತದಂತೆ. ಅಲ್ಲಿ ಇವರ ಕೈ ತಪ್ಪುತ್ತಿತ್ತು. ಇಂಟರ್‌ನೆಟ್ಟಿನಲ್ಲಿ ದೊಡ್ಡ ಊರಿನವರ ಗುಂಪೊಂದಕ್ಕೆ ಸೇರಿ ಇದನ್ನೇ ಕೇಳಿದರು. "ಮೊದಲು ಗಾಳಿಪಟ ಹಾರಿಸಲು ಕಲಿ" ಎಂದು ಒಬ್ಬ ಉತ್ತರ ಬರೆದ. ಅದರ ಕೆಳಗೆ ಸಾಲು ಸಾಲು ನಗು. ಆವತ್ತು ಇವರು ಊಟಕ್ಕೆ ಏಳಲೇ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

"ಅಷ್ಟೊಂದು ಜನ ಇದ್ದಾರಲ್ಲ ಆ ಡಬ್ಬದೊಳಗೆ, ಊಟ ಆಯ್ತಾ ಅಂತ ಒಬ್ರಾದ್ರೂ ಕೇಳಿದ್ರಾ?" ಎಂದೆ.

ನಾನು ಹೇಳಿದ್ದು ಕೋಪಕ್ಕೆ. ಇವರು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ತಿಂಗಳೊಳಗೆ ಇಂಟರ್‌ನೆಟ್ಟಿನಲ್ಲಿ ತಮ್ಮದೇ ಒಂದು ಗುಂಪು ತೆರೆದರು. ಹೆಸರು ಗಾಳಿ ಬಳಗ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೂ ಸರಿ, ತೆಲುಗು ಬರೆದರೂ ಸರಿ. ನಿಯಮ ಒಂದೇ. ಯಾರದಾದರೂ ವಿಮಾನ ಬಿದ್ದಿದೆ ಎಂದು ಬರೆದರೆ ಬುದ್ಧಿವಾದ, ತಮಾಷೆ, ಬೈಗುಳ ಎಲ್ಲ ಆಮೇಲೆ. ಮೊದಲು ಬರೆಯುವವರು "ಊಟ ಆಯ್ತಾ?" ಎಂದು ಕೇಳಬೇಕು. ಬಿದ್ದವರು ಸುಳ್ಳು ಹೇಳದೆ ಉತ್ತರ ಕೊಡಬೇಕು.

ಮೊದಮೊದಲು ಬಳಗದಲ್ಲಿ ಇದ್ದದ್ದು ಇವರೊಬ್ಬರೇ. ತಾವೇ ಬೀಳಿಸಿ, ತಾವೇ ಬರೆದು, ತಾವೇ ಊಟ ಆಯ್ತಾ ಎಂದು ಕೇಳಿಕೊಳ್ಳುತ್ತಿದ್ದರು. ನಾನು ಬಿದ್ದು ಬಿದ್ದು ನಕ್ಕಿದ್ದೇನೆ. ಆಮೇಲೆ ಕ್ಯಾಲನೂರಿನ ಹಾಲಿನ ಡೈರಿ ಕಾರ್ಯದರ್ಶಿ ಶ್ರೀನಿವಾಸಪ್ಪ ಬಂದರು. ರಬ್ಬರ್ ಸಲ್ಯೂಷನ್ ಹಾಕಿ ಅಂಟಿಸಿದೆ, ಥರ್ಮಾಕೋಲು ಬೆಣ್ಣೆ ಹಾಗೆ ಕರಗಿಹೋಯಿತು, ನನ್ನಂಥ ದಡ್ಡ ಇದ್ದಾನೆಯೇ ಎಂದು ಬರೆದಿದ್ದರು. ಇವರು ಅಟ್ಟದಿಂದ ತಮ್ಮದೇ ಒಂದು ಕರಗಿದ ರೆಕ್ಕೆ ಹುಡುಕಿ ತೆಗೆದು, ಫೋಟೋ ಹಿಡಿದು, "ಇಲ್ಲಿದ್ದೀನಿ ಸಾರ್, ಇನ್ನೊಬ್ಬ" ಎಂದು ಕಳಿಸಿದರು. ಆಗ ಇಂಟರ್‌ನೆಟ್ಟಿಗೂ ಫೋನಿಗೂ ಒಂದೇ ತಂತಿ, ಆ ಫೋಟೋ ಏರುವಷ್ಟು ಹೊತ್ತು ನಮ್ಮ ಫೋನು ಸತ್ತಂತೆ. ಕೋಲಾರದಲ್ಲಿ ನನ್ನ ತಂಗಿ ಡಯಲ್ ಮಾಡಿ ಮಾಡಿ ಸೋತು, ನಮಗೆ ಏನೋ ಆಗಿದೆ ಎಂದು ಬಸ್ಸು ಹತ್ತಿ ಬಂದಳು.

ಹಾಗೆ ಒಬ್ಬೊಬ್ಬರೇ ಸೇರಿದರು. ಮಾಲೂರಿನ ಫ್ಯಾಕ್ಟರಿಯಲ್ಲಿ ಶಿಫ್ಟ್ ಸೂಪರ್‌ವೈಸರ್ ಆಗಿದ್ದ ಕೌಸ್ತುಭ್ ಬಂದ. ಶ್ರೀನಿವಾಸಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಮುನಿಕೃಷ್ಣಪ್ಪ ಬಂದರು. ಮುನಿಕೃಷ್ಣಪ್ಪನಿಗೆ ತೆಲುಗೇ ಬಾಯಿಗೆ ಹತ್ತಿರ, ಹಾಗಾಗಿ ಊಟ ಆಯ್ತಾ ಎನ್ನುವ ಬದಲು "ಅಣ್ಣಾ, ತಿನ್ನಾರಾ?" ಎಂದೇ ಕೇಳುವರು. ಒಂದು ಸಲ ಇವರ ವಿಮಾನ ಬಿದ್ದ ದಿನ ಎಲ್ಲರೂ ಕೇಳಿದ್ದೇ ಕೇಳಿದ್ದು. ಇವರು "ಇವತ್ತು ಏಕಾದಶಿ, ಉಪವಾಸ" ಎಂದು ಬರೆದರು. "ಏಕಾದಶಿ ದಿನ ವಿಮಾನಾನೂ ಮನೇಲಿ ಕೂರಿಸಬೇಕು ಸಾರ್" ಎಂದು ಕ್ಯಾಲನೂರಿನಿಂದ ಉತ್ತರ ಬಂತು. ಇವರು ಒಬ್ಬರೇ ಕೂತು ನಗುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಇವರು ಹಾಗೆ ನಗುವುದನ್ನು ನಾನು ನೋಡಿರಲಿಲ್ಲ. ನನಗೆ ಸಂತೋಷವೂ ಆಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಇನ್ನು ಕ್ಲಿಪ್ಪಿನ ವಿಷಯ. ಬೇಸಿಗೆಯ ಭಾನುವಾರಗಳಲ್ಲಿ ಬಳಗದವರು ದೇವರಾಯಸಮುದ್ರದ ಒಣಗಿದ ಕೆರೆಯಂಗಳದಲ್ಲಿ ಸೇರುತ್ತಿದ್ದರು. ಆಗಿನ ರೇಡಿಯೋ ಪೆಟ್ಟಿಗೆಗಳಿಗೆ ಒಂದೊಂದು ನಂಬರು. ಒಂದೇ ನಂಬರಿನ ಎರಡು ಪೆಟ್ಟಿಗೆ ಒಟ್ಟಿಗೆ ಆನ್ ಆದರೆ ಮೇಲಿರುವ ವಿಮಾನಕ್ಕೆ ಯಾರ ಮಾತು ಕೇಳಬೇಕೆಂದು ಗೊತ್ತಾಗುವುದಿಲ್ಲ. ಇಬ್ಬರು ಅತ್ತೆಯರು ಒಟ್ಟಿಗೆ ಕೂಗಿದ ಸೊಸೆಯ ಹಾಗೆ ತಲೆ ತಿರುಗಿ ಬೀಳುತ್ತದೆ. ಅದಕ್ಕೇ ಇವರು ಒಂದು ಹಲಗೆ ನೆಟ್ಟು, ನನ್ನ ಕ್ಲಿಪ್ಪುಗಳ ಮೇಲೆ ನಂಬರು ಬರೆದು ಸಿಕ್ಕಿಸಿದ್ದರು. ಹಾರಿಸುವವರು ತಮ್ಮ ನಂಬರಿನ ಕ್ಲಿಪ್ಪು ತೆಗೆದು ಅಂಗಿಗೆ ಹಾಕಿಕೊಳ್ಳಬೇಕು. ಕ್ಲಿಪ್ಪು ಇಲ್ಲದವರು ಪೆಟ್ಟಿಗೆ ಆನ್ ಮಾಡುವ ಹಾಗಿಲ್ಲ.

ಎರಡು ಸಾವಿರದ ಆರರಲ್ಲಿ, ಶಿವರಾತ್ರಿ ಕಳೆದ ಮೇಲಿನ ಒಂದು ಭಾನುವಾರ ಮುನಿಕೃಷ್ಣಪ್ಪ ತಮ್ಮ ಹೊಸ ವಿಮಾನ ತಂದರು. ಮೇಲೊಂದು ಕೆಳಗೊಂದು ರೆಕ್ಕೆ, ಹಗುರ ಮರದ ಕಡ್ಡಿಗಳ ಮೈ, ಹರಳೆಣ್ಣೆ ಬೆರೆಸಿದ ಇಂಧನ ಕುಡಿಯುವ ಎಂಜಿನ್ನು. ವರ್ಷವೆಲ್ಲ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂತು ಕಟ್ಟಿದ್ದರು. ಪ್ರತಿ ವಾರ ಫೋಟೋ ಕಳಿಸಿದ್ದರು. ಬಣ್ಣ ಯಾವುದು ಎಂದು ಬಳಗವೆಲ್ಲ ಜಗಳವಾಡಿ ಕೊನೆಗೆ ಮಾವಿನಹಣ್ಣಿನ ಹಳದಿ ಎಂದು ತೀರ್ಮಾನವಾಗಿತ್ತು. ಆವತ್ತು ನಾನೂ ಪುಳಿಯೋಗರೆ ಮಾಡಿಕೊಂಡು ಹೋಗಿದ್ದೆ.

ಕೌಸ್ತುಭ್ ತನ್ನದನ್ನು ಹಾರಿಸಿ ಇಳಿಸಿ, ಕ್ಲಿಪ್ಪು ಬಿಚ್ಚಿ ಮುನಿಕೃಷ್ಣಪ್ಪನ ಜೇಬಿಗೆ ತಾನೇ ಸಿಕ್ಕಿಸಿದ. ಅವರಿಬ್ಬರದೂ ಒಂದೇ ನಂಬರು. ಹಳದಿ ವಿಮಾನ ನೆಲದ ಮೇಲೆ ಓಡಿ ಮೇಲಕ್ಕೆದ್ದಿತು. ಕೆರೆಯಂಗಳವೆಲ್ಲ ಹರಳೆಣ್ಣೆ ವಾಸನೆ. ನನ್ನ ಕಣ್ಣಲ್ಲಿ ನೀರು ಬಂತು, ಅಷ್ಟು ಚೆನ್ನಾಗಿತ್ತು. ಎಲ್ಲರೂ ಆಕಾಶ ನೋಡುತ್ತಿದ್ದರು.

ಆಗಲೇ ಕೋಲಾರದಿಂದ ಒಬ್ಬರು ಹೊಸಬರು ಬಂದರು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಚನ್ನರಾಯಪ್ಪ. ಬ್ಯಾಗು ಎದೆಗವಚಿಕೊಂಡು ದೂರದಲ್ಲೇ ನಿಂತಿದ್ದರು. ಹೊಸಬರನ್ನು ಕಂಡರೆ ಇವರಿಗೆ ಮೈಮೇಲೆ ಬಂದ ಹಾಗೆ ಆಗುತ್ತದೆ. ತಾವು ನಗೆಪಾಟಲಾದದ್ದನ್ನು ಇವರು ಮರೆತಿಲ್ಲ, ಯಾರೂ ಒಂದು ಗಳಿಗೆಯೂ ಹೊರಗೆ ನಿಲ್ಲಬಾರದು. ಓಡಿಹೋಗಿ ಕೈ ಹಿಡಿದು ಕರೆತಂದರು.

"ಬನ್ನಿ ಮೇಷ್ಟ್ರೇ, ಸಂಕೋಚ ಯಾಕೆ? ಹೊಸ ರೇಡಿಯೋನಾ? ಎಲ್ಲಿ, ಆನ್ ಮಾಡಿ, ನೋಡೋಣ!"

ಮೇಷ್ಟ್ರು ಆನ್ ಮಾಡಿದರು. ಮೇಲೆ ಹಳದಿ ವಿಮಾನ ಗಿರ್ರನೆ ಹೊರಳಿ, ಮೂಗು ಕೆಳಗಾಗಿ, ಕೆರೆಯಂಗಳದ ಮಣ್ಣಿಗೆ ಬಂದು ಬಡಿಯಿತು.

ಎಲ್ಲರೂ ಅತ್ತ ಓಡಿದರು. ಇವರು ಮಾತ್ರ ಮೇಷ್ಟ್ರ ಪೆಟ್ಟಿಗೆಯನ್ನು ತಿರುಗಿಸಿ ಹಿಂದಿನ ನಂಬರು ನೋಡಿದರು. ಪೆಟ್ಟಿಗೆ ಆಫ್ ಮಾಡಿ ಬ್ಯಾಗಿಗೆ ಹಾಕಿ ಕೊಟ್ಟರು. ಮುನಿಕೃಷ್ಣಪ್ಪ ಚೂರುಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ಊಟಕ್ಕೂ ನಿಲ್ಲದೆ ಹೊರಟುಹೋದರು. ಪುಳಿಯೋಗರೆ ಹಾಗೇ ವಾಪಸು ಬಂತು.

ಸಂಜೆ ಇವರು ಕಂಪ್ಯೂಟರ್ ತೆರೆದಾಗ ಮುನಿಕೃಷ್ಣಪ್ಪ ಬರೆದಾಗಿತ್ತು. "ಕ್ಲಿಪ್ಪು ನನ್ನ ಜೇಬಲ್ಲಿತ್ತು. ಆ ನಂಬರಿಂದು ಇನ್ನೊಂದು ಇರೋದು ಕೌಸ್ತುಭ್ ಹತ್ರ. ಇನ್ನೇನು ಹೇಳಬೇಕು?" ಅದರ ಕೆಳಗೆ ಕೌಸ್ತುಭ್: "ನನ್ನ ರೇಡಿಯೋ ಬ್ಯಾಗಲ್ಲಿತ್ತು. ನಂಬಿಕೆ ಇಲ್ಲದ ಕಡೆ ನಾನಿರಲ್ಲ. ನನ್ನ ಹೆಸರು ತೆಗೀರಿ ಸಾರ್." ಅದರ ಕೆಳಗೆ ಮಾಲೂರಿನವರು ಒಂದು ಕಡೆ, ಶ್ರೀನಿವಾಸಪುರದವರು ಒಂದು ಕಡೆ. ನೀನು ತಾನು ಎಂದು ಏಕವಚನಕ್ಕೆ ಇಳಿದಿದ್ದರು. ಊಟ ಆಯ್ತಾ ಎಂದು ಒಬ್ಬರೂ ಕೇಳಿರಲಿಲ್ಲ. ಎಲ್ಲರಿಗಿಂತ ಮೊದಲು ಕೇಳುತ್ತಿದ್ದ ಇವರ ಕೈಯೂ ಏಳಲಿಲ್ಲ.

"ಆ ಮೇಷ್ಟ್ರಿಗೆ ಆನ್ ಮಾಡಿ ಅಂದಿದ್ದು ನಾನೇ ಕಣೇ, ಅಂಬಾ" ಎಂದರು. "ಅದೇ ನಂಬರು. ನಾನು ಕ್ಲಿಪ್ಪು ಕೇಳಲೇ ಇಲ್ಲ. ನಿಯಮ ಮಾಡಿದೋನೇ ನಾನು."

ನಾನು ಯೋಚಿಸಿದೆ. "ಮೇಷ್ಟ್ರು ಹೊಸಬರು, ಗೊತ್ತಿಲ್ದೆ ಆನ್ ಮಾಡಿಬಿಟ್ರು ಅಂತ ಬರೀರಿ. ಹೊಸಬರನ್ನ ಯಾರೂ ಬೈಯಲ್ಲ. ಕೌಸ್ತುಭೂ ಉಳ್ಕೋತಾನೆ, ನಿಮ್ಮ ಮರ್ಯಾದೇನೂ ಉಳಿಯತ್ತೆ. ಒತ್ತಿದ್ದು ಅವರ ಕೈ ತಾನೆ?"

"ಹೇಳಿದ ಬಾಯಿ ನಂದು. ಬಂದ ಮೊದಲನೇ ದಿನಾನೇ ಅವರ ಹೆಸರು ಹಿಂಗೆ ಬಂದ್ರೆ, ಅವರು ಮತ್ತೆ ಬರ್ತಾರೇನೇ? ನಾನು ಆ ಇನ್ನೊಂದು ಗುಂಪಿಗೆ ಮತ್ತೆ ಹೋದ್ನಾ?"

ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಬೇಕಾದರೆ ಈಗಲೂ ವಾದ ಮಾಡುತ್ತೇನೆ. ಆದರೆ ಆ ಕ್ಷಣ ಈ ಮನುಷ್ಯನನ್ನು ಕಂಡು ನನಗೆ ಹೆಮ್ಮೆಯಾಯಿತು. ಅದನ್ನು ತೋರಿಸಿಕೊಳ್ಳುವ ಅಭ್ಯಾಸ ನನಗಿಲ್ಲ. ತಟ್ಟೆ ಹಾಕಿದ್ದೀನಿ ಬನ್ನಿ ಎಂದೆ. ಇವರು ಬರಲಿಲ್ಲ.

ಸೋಮವಾರ ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ ಮುಗಿಸಿದವರೇ ಬರೆಯಲು ಕೂತರು. ನಾನು ಹಿಂದೆ ನಿಂತು ಓದಿದೆ. "ಮುನಿಕೃಷ್ಣಪ್ಪನವರೇ, ನಿಮ್ಮ ವಿಮಾನ ಬೀಳಿಸಿದ್ದು ನಾನು. ಅದೇ ನಂಬರಿನ ಇನ್ನೊಂದು ರೇಡಿಯೋ ಕ್ಲಿಪ್ಪಿಲ್ಲದೆ ಆನ್ ಆಗಿದ್ದು ನನ್ನಿಂದ. ಕೌಸ್ತುಭ್ ತಪ್ಪು ಎಳ್ಳಷ್ಟೂ ಇಲ್ಲ. ನಿನ್ನೆ ಅಲ್ಲೇ ಹೇಳಬೇಕಿತ್ತು, ಬಾಯಿ ಬರಲಿಲ್ಲ. ಬಳಗದ ಜವಾಬ್ದಾರಿ ಇನ್ನು ಬೇರೆ ಯಾರಾದರೂ ವಹಿಸಿಕೊಳ್ಳಿ. ಆದರೆ ಯಾರೂ ಬಿಟ್ಟುಹೋಗಬೇಡಿ." ಮೇಷ್ಟ್ರ ಹೆಸರು ಎಲ್ಲೂ ಇರಲಿಲ್ಲ.

"ಎರಡು ದೋಸೆ ತಿಂದು ಹೋಗಿ" ಎಂದೆ.

"ಇವತ್ತು ಏಕಾದಶಿ ಕಣೇ."

"ಏಕಾದಶಿ ಹೋದ ವಾರ ಆಯ್ತು. ಮಾಧ್ವರ ಮನೆ ಹೆಂಗಸಿಗೆ ಏಕಾದಶಿ ಹೇಳಿಕೊಡ್ತೀರಾ?"

ಇವರು ನಗಲಿಲ್ಲ. ಚಪ್ಪಲಿ ಮೆಟ್ಟಿ ಆಫೀಸಿಗೆ ಹೊರಟುಹೋದರು. ನಾನು ಮೊದಲ ಸಲ ಒಬ್ಬಳೇ ಆ ಡಬ್ಬದ ಮುಂದೆ ಕೂತು, ಇವರು ಮಾಡುವುದನ್ನು ನೋಡಿದ್ದ ನೆನಪಿನ ಮೇಲೆ ಅದನ್ನು ತೆರೆದೆ. ಓದಿದವರು ಇದ್ದರು, ಉತ್ತರ ಬರೆದವರು ಇರಲಿಲ್ಲ. ಸಾರಿಗೆ ಒಗ್ಗರಣೆ ಹಾಕಿ ಬಂದು ನೋಡಿದೆ, ಇರಲಿಲ್ಲ. ದೇವರೇ, ಬೈದಾದರೂ ಬರೆಯಲಿ ಎನ್ನಿಸಿತು. ಇವರು ಕಟ್ಟಿದ ಬಳಗದಿಂದ ಇವರೇ ಹೊರಗಾಗಿ, ಮತ್ತೆ ತಲೆ ತಗ್ಗಿಸಿಕೊಂಡು ಆಫೀಸಿಗೆ ಹೋಗಿಬರುವ ಮನುಷ್ಯರಾಗಿಬಿಟ್ಟರೆ ನಾನು ಏನು ಮಾಡಲಿ ಎಂದು ಭಯವಾಯಿತು.

ಮಧ್ಯಾಹ್ನ ಇವರು ಬಂದರು. ತಟ್ಟೆಯ ಕಡೆ ನೋಡದೆ ಸೀದಾ ಕಂಪ್ಯೂಟರ್ ಮುಂದೆ ಕೂತರು. ಫೋನಿನ ತಂತಿ ಕೀಂ ಕೀಂ ಎಂದು ಅತ್ತು ಅತ್ತು ಕೊನೆಗೆ ಪುಟ ತೆರೆದುಕೊಂಡಿತು. ಇವರು ಬರೆದದ್ದರ ಕೆಳಗೆ ಒಂದೇ ಒಂದು ಸಾಲು ಇತ್ತು. ಮುನಿಕೃಷ್ಣಪ್ಪನದು.

"ಅಣ್ಣಾ, ತಿನ್ನಾರಾ?"

ಇವರು ಕೀಬೋರ್ಡು ಹತ್ತಿರ ಎಳೆದುಕೊಂಡರು. ಸುಳ್ಳು ಹೇಳುವ ಹಾಗಿಲ್ಲವಲ್ಲ. "ನಿನ್ನೆಯಿಂದ ಇಲ್ಲ" ಎಂದು ಬರೆದರು. ನಾವಿಬ್ಬರೂ ಪರದೆಯನ್ನೇ ನೋಡುತ್ತ ಕೂತೆವು. ಅಷ್ಟರಲ್ಲಿ ಕೌಸ್ತುಭ್ ಬರೆದ: "ನಾನೂ ತಿಂದಿಲ್ಲ ಸಾರ್. ಹೆಸರು ತೆಗೆದಿಲ್ಲ ತಾನೆ?" ಅದರ ಹಿಂದೆಯೇ ಶ್ರೀನಿವಾಸಪುರದಿಂದ ಮತ್ತೆ ಬಂತು.

"ಮೊದಲು ಇಬ್ಬರೂ ಊಟ ಮಾಡಿ. ನನ್ನದು ಈಗ ಆಯ್ತು. ಬೈಯೋದು ತುಂಬಾ ಇದೆ ಅಣ್ಣಾ, ಭಾನುವಾರ ಕೆರೆ ಹತ್ರ ಬನ್ನಿ, ಎದುರಿಗೇ ಬೈತೀನಿ. ಅಕ್ಕನಿಗೆ ಪುಳಿಯೋಗರೆ ತರಕ್ಕೆ ಹೇಳಿ."

ಇವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಏನೋ ನೆನಪಾದವರಂತೆ ಡೈರೆಕ್ಟರಿ ಎಳೆದುಕೊಂಡು ಕೋಲಾರದ ಚನ್ನರಾಯಪ್ಪ ಮೇಷ್ಟ್ರ ನಂಬರು ಹುಡುಕತೊಡಗಿದರು.

"ಮೊದಲು ಊಟ" ಎಂದೆ.

"ಅವರೂ ಊಟ ಮಾಡಿರಲ್ಲ ಕಣೇ" ಎಂದರು. ನಾನೇ ಇಂಟರ್‌ನೆಟ್ ಆಫ್ ಮಾಡಿ ಫೋನು ಬಿಡಿಸಿಕೊಟ್ಟೆ, ಸಾರು ಬಿಸಿಗಿಡಲು ಒಳಗೆ ಹೋದೆ.