ನೆಲಕ್ಕೆ ಕೂತವರು

"ತಿಂತಾ?" ಎಂದು ಅರ್ನಿ ಹಿಂಬಾಗಿಲ ಹೊಸ್ತಿಲಲ್ಲೇ ನಿಂತು ಕೇಳಿದ. ಒಂದು ಕಾಲಿನ ರಬ್ಬರ್ ಬೂಟನ್ನು ಇನ್ನೊಂದು ಕಾಲಿನಿಂದ ಮೆಟ್ಟಿ ಬಿಡಿಸಿಕೊಳ್ಳುತ್ತಿದ್ದ.

"ತಿನ್ನೋದಿರಲಿ, ಮೂಸೀನೂ ನೋಡಿಲ್ಲ." ನೋಲಾ ತಟ್ಟೆಯನ್ನು ಅವನ ಕಡೆ ವಾಲಿಸಿದಳು. ಬೆಳಿಗ್ಗೆ ನುಣ್ಣಗೆ ಕೊಚ್ಚಿ ಬೇಯಿಸಿಟ್ಟ ವಾಲಬಿ ಎಂಬ ಪುಟ್ಟ ಕಾಂಗರೂವಿನ ಮಾಂಸ ಹಾಗೆಯೇ ಆರಿಹೋಗಿ ಮೇಲೆ ಬಿಳಿಯ ಜಿಡ್ಡು ಕಟ್ಟಿತ್ತು. "ನಾನು ಬಟ್ಟೆ ಒಣಹಾಕೋಕೆ ಹೋದಾಗ ಎರಡು ಗುಟುಕು ನೀರು ಕುಡಿದಿದೆ. ಅಷ್ಟೇ. ರಾತ್ರಿಯೆಲ್ಲ ಕುಂಯ್‌ಗುಟ್ಟಿ ಸುಸ್ತಾಗಿದೆ ಪಾಪ."

"ನಮಗಾದಷ್ಟು ಸುಸ್ತು ಅದಕ್ಕೆಲ್ಲಿ ಆಗಿರುತ್ತೆ ಬಿಡು."

ನೋಲಾ ನಗಲಿಲ್ಲ.

ಮರಿ ಒಲೆಗೂ ಸೌದೆಪೆಟ್ಟಿಗೆಗೂ ನಡುವಿನ ಸಂದಿಯಲ್ಲಿ ಮುದುಡಿಕೊಂಡಿತ್ತು. ಕಪ್ಪು ಬೆನ್ನು, ಕಂದು ಕಾಲು, ದೇಹಕ್ಕೆ ಹೊಂದದಷ್ಟು ದೊಡ್ಡ ಕಿವಿಗಳು. ಎಂಟು ವಾರದ ಹೆಣ್ಣು ನಾಯಿಮರಿ. ಮಂಗಳವಾರದ ಪುಟ್ಟ ವಿಮಾನದಲ್ಲಿ, ಅಂಚೆಚೀಲಗಳ ಪಕ್ಕದಲ್ಲಿ, ತಂತಿಬಲೆಯ ಪೆಟ್ಟಿಗೆಯೊಳಗೆ ಕೂತು ಟಾಸ್ಮೇನಿಯಾದಿಂದ ಕಿಂಗ್ ದ್ವೀಪಕ್ಕೆ ಬಂದಿಳಿದಿತ್ತು. ಇವತ್ತು ಗುರುವಾರ. ಇನ್ನೂ ಅದಕ್ಕೊಂದು ಹೆಸರಿರಲಿಲ್ಲ. ಅರ್ನಿ ಬಗ್ಗಿ, ಕಡಲಪಾಚಿಯ ಲೋಳೆ ಅಂಟಿದ ಕೈ ಚಾಚಿ, "ಬಾರೇ, ಬಾ" ಎಂದ. ಮರಿ ಗೋಡೆಯೊಳಕ್ಕೇ ಹೋಗಿಬಿಡುವಂತೆ ಹಿಂದಕ್ಕೆ ಒತ್ತಿಕೊಂಡಿತು.

"ಮಾರ್ಜರಿ ಇದ್ದಾಗ ಯಾವ ಮರೀನೂ ಹೀಗೆ ಮಾಡಿದ್ದಿಲ್ಲ."

ಮಾತು ಬಾಯಿಂದ ಜಾರಿದ ಮೇಲೆ ಅವನು ನಾಲಿಗೆ ಕಚ್ಚಿಕೊಂಡ. ನೋಲಾ ತಟ್ಟೆಯನ್ನು ನಿಧಾನವಾಗಿ ಮತ್ತೆ ನೆಲದ ಮೇಲಿಟ್ಟಳು.

"ಏನ್ಮಾಡ್ತಿದ್ಲು ಅವಳು?" ಅವಳ ದನಿಯಲ್ಲಿ ಕೊಂಕಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು. "ಹೇಳು, ನಾನೂ ಹಾಗೇ ಮಾಡ್ತೀನಿ."

ಅರ್ನಿ ಕೈಗೆ ಅಂಟಿದ ಲೋಳೆಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಮೊದಲ ಹೆಂಡತಿ ಮಾರ್ಜರಿಯೊಂದಿಗಿನ ಮೂವತ್ತೆಂಟು ವರ್ಷಗಳಲ್ಲಿ ಏಳು ನಾಯಿಗಳು ಈ ಅಡುಗೆಮನೆಯಿಂದಲೇ ಅವನ ಬದುಕಿನೊಳಕ್ಕೆ ಬಂದಿದ್ದವು. ಮೊದಲು ಟಿಪ್, ಆಮೇಲೆ ನೆಲ್, ಒಂದು ಕಿವಿ ಹರಿದ ಬಾಸ್ಕೊ, ಇನ್ನೂ ನಾಲ್ಕು. ಬಿರುಗಾಳಿ ಬಂದುಹೋದ ಮರುದಿನಗಳಲ್ಲಿ ಪಶ್ಚಿಮದ ದಡದ ತುಂಬ ಕಡಲಪಾಚಿ ಬಂದು ಬಿದ್ದಿರುತ್ತಿತ್ತು. ಆಳುದ್ದದ, ತೊಗಲಿನಂಥ ಕಂದು ಪಟ್ಟೆಗಳು. ಅರ್ನಿ ಬೆಳಕು ಹರಿಯುವ ಮೊದಲೇ ಹೊರಟು, ಅವುಗಳನ್ನು ಲಾರಿಗೆ ಎಳೆದು ತುಂಬಿ, ಊರ ಹೊರಗಿನ ಕಂಬಿಗಳ ಮೇಲೆ ಸಾಲಾಗಿ ನೇತುಹಾಕಿ ಮಾರಲು ಒಣಗಿಸುತ್ತಿದ್ದ. ಮನೆಗೆ ಬರುವ ಹೊತ್ತಿಗೆ ಮುಸ್ಸಂಜೆ. ಕಿಟಕಿಯಲ್ಲಿ ದೀಪ, ರೇಡಿಯೋದಲ್ಲಿ ದೋಣಿಯವರಿಗೆ ಹವಾಮಾನದ ವರದಿ, ಒಲೆಯ ಮುಂದೆ ಮಾರ್ಜರಿಯ ಹಸಿರು ಉಣ್ಣೆಯ ಅಂಗಿಯಲ್ಲಿ ಮೂತಿ ಹುದುಗಿಸಿ ನಿದ್ದೆಹೋದ ಹೊಸ ಮರಿ. "ಹೊಂದಿಕೊಂಡ್ತಾ?" ಎಂದು ಅವನು ಕೇಳುತ್ತಿದ್ದ. "ಹೊಂದಿಕೊಂಡ್ತು," ಎಂದು ಅವಳು ಹೇಳುತ್ತಿದ್ದಳು. ಅವನಿಗೆ ಗೊತ್ತಿದ್ದದ್ದು ಅಷ್ಟೇ. ಹಾಲು ರಾತ್ರಿ ಕಳೆದರೆ ಮೊಸರಾಗಿರುತ್ತದೆ ಎಂಬಂತೆ ಇದ್ದುಬಿಟ್ಟಿದ್ದ. ಹೆಪ್ಪು ಹಾಕಿದ ಕೈ ಯಾವುದೆಂದು ಕೇಳಿರಲಿಲ್ಲ.

ಮಾರ್ಜರಿ ಹೋಗಿ ಐದು ವರ್ಷವಾಯಿತು. ಕೊನೆಯ ನಾಯಿಯೂ ಅದೇ ವರ್ಷ ಹೋಯಿತು. ಎರಡು ವರ್ಷದ ಹಿಂದೆ ಸೊಂಟದ ಶಸ್ತ್ರಚಿಕಿತ್ಸೆಗೆಂದು ಅರ್ನಿ ಟಾಸ್ಮೇನಿಯಾದ ಬರ್ನಿ ಪಟ್ಟಣಕ್ಕೆ ಹೋಗಿದ್ದಾಗ ಒಂದು ಕಾಲು ಹೆಬ್ಬೆರಳ ಅಗಲದಷ್ಟು ಗಿಡ್ಡವಾಯಿತು. ಪ್ಯಾಂಟುಗಳನ್ನು ಹೊತ್ತುಕೊಂಡು ದರ್ಜಿ ಅಂಗಡಿಗೆ ಹೋದರೆ, ಕನ್ನಡಕದ ಮೇಲಿಂದ ನೋಡಿದ ಹೆಂಗಸು ಅಳತೆಪಟ್ಟಿ ಹಿಡಿದು, "ಒಂದೇ ಕಾಲು ಮಡಿಸಿ ಹೊಲೀಲಾ, ಇಲ್ಲ ಇನ್ನೊಂದು ಕಾಲನ್ನೂ ಕತ್ತರಿಸಿಕೊಂಡು ಬರ್ತೀರಾ?" ಎಂದಿದ್ದಳು. ಅವಳೇ ನೋಲಾ. ಮದುವೆಯನ್ನೇ ಮಾಡಿಕೊಳ್ಳದೆ, ಊರವರ ಮದುವೆಯ ಉಡುಪುಗಳನ್ನು ಮೂವತ್ತು ವರ್ಷ ಹೊಲಿದವಳು. ಅರವತ್ತೊಂದನೆಯ ವಯಸ್ಸಿನಲ್ಲಿ, ಈ ಮಾರ್ಚ್ ತಿಂಗಳಲ್ಲಿ, ಎರಡು ಸೂಟ್‌ಕೇಸು ಮತ್ತು ಒಂದು ಹೊಲಿಗೆ ಯಂತ್ರದೊಂದಿಗೆ ಅವನ ಹೆಂಡತಿಯಾಗಿ ದ್ವೀಪಕ್ಕೆ ಬಂದಿದ್ದಳು. ತಾನು ದಡದಲ್ಲಿರುವಾಗ ಅವಳಿಗೊಂದು ಜೊತೆ ಇರಲಿ ಎಂದು ಮರಿಯನ್ನು ತರಿಸಿದ್ದು ಅರ್ನಿ. ಅವಳೋ, ಹುಟ್ಟಿದಾಗಿನಿಂದ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲೇ ಬೆಳೆದವಳು, ನಾಯಿ ಸಾಕಿದವಳಲ್ಲ.

ಅವಳು ಉಳಿದ ಬಟ್ಟೆಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದಾಗ ಅರ್ನಿಗೆ ಒಂದು ಉಪಾಯ ಹೊಳೆಯಿತು. ಮಲಗುವ ಕೋಣೆಯ ಕಪಾಟು ತೆಗೆದು, ಕೆಳಗಿನ ಖಾನೆಯಿಂದ ಆ ಹಸಿರು ಉಣ್ಣೆಯ ಅಂಗಿಯನ್ನು ಹೊರಗೆಳೆದ. ಮೊಣಕೈಗೆ ತೇಪೆ ಹಾಕಿದ್ದು. ಏಳು ಮರಿಗಳೂ ಇದರಲ್ಲೇ ಮಲಗಿ ಬೆಳೆದದ್ದು. ಕಳ್ಳನಂತೆ ಅದನ್ನು ತಂದು ಸಂದಿಯ ಮುಂದೆ ಹಾಸಿ, ಉಸಿರು ಹಿಡಿದು ನಿಂತ.

ಮರಿ ಕತ್ತು ಚಾಚಿತು. ಮೂಸಿತು. ಒಂದು ಸಲ ಸೀನಿ, ತಲೆ ಕೊಡವಿ, ಮೊದಲಿಗಿಂತ ಒಳಗೆ ಸರಿದು ಕೂತಿತು.

ಅರ್ನಿ ಅಂಗಿಯನ್ನು ಎತ್ತಿ ತನ್ನ ಮೂಗಿಗೆ ಹಿಡಿದ. ನುಸಿಗುಳಿಗೆಯ ವಾಸನೆ. ಮತ್ತೆ ಹಿಡಿದ. ಕಂಕುಳಿನ ಹತ್ತಿರ, ಕೊರಳಿನ ಹತ್ತಿರ ಹುಡುಕಿದ. ಹಿಂದೊಮ್ಮೆ ಅಲ್ಲಿ ಸೋಪು, ಹಿಟ್ಟು, ಅವಳ ಬೆವರು ಎಲ್ಲ ಇದ್ದವು. ಈಗ ಬರೀ ನುಸಿಗುಳಿಗೆ. ಮರಿಯದೇನು ತಪ್ಪು? ಮಾರ್ಜರಿ ಎಂಬೊಬ್ಬಳು ಈ ಮನೆಯಲ್ಲಿದ್ದಳೆಂದು ಅದಕ್ಕೆ ಯಾರು ಹೇಳಬೇಕು? ಇನ್ನು ಮುಂದೆ ಈ ಮನೆಗೆ ಬರುವ ಯಾವ ನಾಯಿಗೂ ಅದು ಗೊತ್ತಾಗುವುದಿಲ್ಲ ಎಂದು ಅವನಿಗೆ ಅನಿಸಿತು. ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಮುಕ್ಕಾಲಿಯ ಮೇಲೆ ಕೂತ.

"ಅದು ಅವಳದಾ?"

ನೋಲಾ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹೊರಗೆ ಮಳೆ ಹನಿಯತೊಡಗಿತ್ತು.

"ಹೂಂ."

ಅವಳು ಬುಟ್ಟಿ ಕೆಳಗಿಟ್ಟು ಒಂದು ಹಾಸಿಗೆ ಬಟ್ಟೆ ತೆಗೆದು ಅಂಚಿಗೆ ಅಂಚು ಸೇರಿಸಿ ಮಡಿಸತೊಡಗಿದಳು. ಅದು ಇನ್ನೂ ಒದ್ದೆಯಾಗಿತ್ತು. "ಅರ್ನಿ, ಶನಿವಾರದ ವಿಮಾನದಲ್ಲಿ ಆ ಪೆಟ್ಟಿಗೆಗೆ ಜಾಗ ಇದೆಯಾ ಕೇಳು."

"ಮರೀನ ವಾಪಸ್ ಕಳಿಸೋದಾ?"

"ಅದೇನು ಹಟ ಮಾಡ್ತಿಲ್ಲ ಕಣೋ. ಎಲ್ಲಿ ಕೂತ್ಕೋಬೇಕು ಅಂತ ಗೊತ್ತಾಗ್ತಿಲ್ಲ ಅದಕ್ಕೆ. ಯಾವ ಕಡೆ ತಿರುಗಿದ್ರೂ ಇನ್ಯಾರದೋ ಜಾಗ."

ಅವನು ಸುತ್ತ ನೋಡಿದ. ಕಪಾಟಿನಲ್ಲಿ ಮಾರ್ಜರಿಯ ಕೈಬರಹದ ಚೀಟಿ ಅಂಟಿಸಿದ ಡಬ್ಬಿಗಳು. ಕಿಟಕಿಯ ಪಕ್ಕ ಮಾರ್ಜರಿಯ ಕುರ್ಚಿ, ಅದರ ದಿಂಬಿನಲ್ಲಿ ಇನ್ನೂ ಉಳಿದ ತಗ್ಗು. ನೋಲಾ ನಾಲ್ಕು ತಿಂಗಳಿಂದ ಈ ಮುಕ್ಕಾಲಿಯ ಮೇಲೆಯೇ ಕೂತು ಊಟ ಮಾಡುತ್ತಿದ್ದಳು. ಹೊಲಿಗೆ ಯಂತ್ರ ಹಜಾರದಲ್ಲಿ, ಬಂದ ದಿನ ಇಟ್ಟಲ್ಲೇ, ಹಗ್ಗ ಬಿಚ್ಚದೆ ಕೂತಿತ್ತು.

"ಪೆಟ್ಟಿಗೆ ಒಂದಕ್ಕೇನಾ ಜಾಗ ಕೇಳಬೇಕಾದ್ದು?" ಎಂದ. ತನ್ನ ದನಿ ತನಗೇ ಬೇರೆಯವರದ್ದೆನಿಸಿತು.

ಅವಳು ಬಟ್ಟೆಯ ಸುಕ್ಕನ್ನು ಅಂಗೈಯಿಂದ ತೀಡಿದಳು. "ಮೊದ್ಲು ಅದಕ್ಕೆ ಕೇಳು," ಎಂದಳು.

ಅರ್ನಿ ಲಾರಿ ತೆಗೆದುಕೊಂಡು ಥೋರಾಳ ಹೈನುಮನೆಗೆ ಹೋದ. ಥೋರಾ ಮಾರ್ಜರಿಯ ಬಹುಕಾಲದ ಗೆಳತಿ. ಎಂಬತ್ತಕ್ಕೆ ಒಂದು ಕಡಿಮೆ, ಆದರೂ ಎರಡು ಹೊತ್ತೂ ಹಾಲು ಕರೆಯುವುದಕ್ಕೆ ತಾನೇ ನಿಲ್ಲುವವಳು. ಹಸುವಿನ ಕೆಚ್ಚಲು ತೊಳೆಯುತ್ತಿದ್ದವಳು ತಲೆಯೆತ್ತದೆಯೇ ಅಂದಳು: "ಏನಪ್ಪಾ ಮದುಮಗ, ಹೊಸ ಹೆಂಡ್ತೀನ ಬಿಟ್ಟು ಮುದುಕಿ ಹತ್ರ ಬಂದಿದ್ದೀಯ?"

"ಥೋರಾ, ಮಾರ್ಜರಿ ಮರಿಗಳನ್ನ ಹೇಗೆ ಹೊಂದಿಸ್ಕೋತಿದ್ಲು?"

"ಒಂದೇ ಸೂರಿನಡಿ ಮೂವತ್ತೆಂಟು ವರ್ಷ ಇದ್ದೋನು ನೀನು. ಬಂದು ನನ್ನ ಕೇಳ್ತೀಯಲ್ಲೋ!"

"ನಾನು ದಡದಲ್ಲಿರ್ತಿದ್ದೆ."

"ಹೌದೌದು. ಅಲ್ಲೇ ಇರ್ತಿದ್ದೆ." ಥೋರಾ ಬೆನ್ನು ನೆಟ್ಟಗೆ ಮಾಡಿಕೊಂಡು ಅವನ ಮುಖ ನೋಡಿದಳು. ಏನು ಕಂಡಿತೋ, ದನಿ ಇಳಿಸಿದಳು. "ಏನೂ ಮಾಡ್ತಿರ್ಲಿಲ್ಲ ಕಣೋ. ನೆಲಕ್ಕೆ ಕೂತ್ಕೋತಿದ್ಲು. ಬಟಾಣಿ ಸುಲಿಯೋದೂ ನೆಲದ ಮೇಲೆ, ಟೀ ಕುಡಿಯೋದೂ ನೆಲದ ಮೇಲೆ. ನಾನು ಹೋದ್ರೆ ನನ್ನೂ ಕೂರಿಸೋಳು. 'ಮರೀನ ಕರೀಬೇಡ, ಅದರ ಕಡೆ ನೋಡ್ಲೂಬೇಡ, ಸುಮ್ನೆ ನನ್ ಜೊತೆ ಮಾತಾಡ್ತಿರು' ಅನ್ನೋಳು. 'ನಿಂತೋರ ಕಾಲು ಮಾತ್ರ ಕಾಣುತ್ತೆ ಅದಕ್ಕೆ. ಕಾಲು ಅಂದ್ರೆ ಎದ್ದು ಹೋಗೋದು' ಅನ್ನೋಳು."

"ಅಷ್ಟೇನಾ?"

"ಅಷ್ಟೇ." ಅವಳು ಬಟ್ಟೆ ಹಿಂಡಿದಳು. "ಮೊದಲ ಚಳಿಗಾಲ ನಿನ್ನ ಆ ಟಿಪ್ ಪಕ್ಕ ಕೂತು ಎಷ್ಟು ಅತ್ತಿದ್ದಾಳೆ ಗೊತ್ತೇನೋ ನಿನಗೆ? ಇಪ್ಪತ್ತೆರಡು ವರ್ಷದ ಹುಡುಗಿ, ಅವ್ವನ್ನ ಬಿಟ್ಟು ಈ ಗಾಳಿ ಊರಿಗೆ ಬಂದಿದ್ಲು. ನಿನಗೆ ಹೇಳಬೇಡ ಅಂತ ಆಣೆ ಹಾಕಿಸಿದ್ಲು. ಈಗ ಹೇಳಿದ್ರೆ ಬೈಯೋಕೆ ಅವಳೇ ಇಲ್ಲ."

ಹಿಂದಿರುಗುವಾಗ ಕಡಲ ಪಕ್ಕದ ತಿರುವಿನಲ್ಲಿ ಅರ್ನಿ ಲಾರಿ ನಿಲ್ಲಿಸಿದ. ಮಳೆ ಓರೆಯಾಗಿ ಬೀಳುತ್ತಿತ್ತು. ಆ ಚಳಿಗಾಲ ಅವನಿಗೆ ಚೆನ್ನಾಗಿ ನೆನಪಿತ್ತು. ಒಂದೇ ವಾರದಲ್ಲಿ ಮೂರು ಬಿರುಗಾಳಿ, ದಡದ ತುಂಬ ಪಾಚಿ, ಜೀವನದಲ್ಲೇ ಅಷ್ಟು ಸುಖವಾಗಿದ್ದ ಕಾಲ ಇನ್ನೊಂದಿಲ್ಲ ಎಂದು ಇಷ್ಟು ವರ್ಷವೂ ಅಂದುಕೊಂಡಿದ್ದ. ಸಂಜೆ ಬಂದರೆ ಬೆಚ್ಚನೆಯ ಅಡುಗೆಮನೆ. ಟಿಪ್ ಓಡಿಬಂದು ಅವನ ಮಣಿಕಟ್ಟಿನ ಉಪ್ಪು ನೆಕ್ಕುತ್ತಿತ್ತು. ಒಲೆಯ ಬಿಸಿಗೆ ಕೆಂಪಾಗಿದೆ ಎಂದುಕೊಂಡಿದ್ದ ಅವಳ ಮುಖ. "ಹೊಂದಿಕೊಂಡ್ತಾ?" ಎಂದು ಕೇಳಿದ್ದ. ನಾಯಿಯನ್ನು ಕುರಿತು ಕೇಳಿದ್ದ. ಅವಳನ್ನು ಕುರಿತು ಒಮ್ಮೆಯೂ ಕೇಳಿರಲಿಲ್ಲ.

ಮನೆಗೆ ಬಂದವನು ಬೂಟು ಕೂಡ ಬಿಚ್ಚದೆ ಹಜಾರಕ್ಕೆ ಹೋಗಿ ಹೊಲಿಗೆ ಯಂತ್ರದ ಪೆಟ್ಟಿಗೆಯನ್ನು ಎತ್ತಿದ.

"ಏ, ಸೊಂಟ! ನಿನ್ನ ಸೊಂಟ!" ನೋಲಾ ಓಡಿಬಂದಳು. "ಏನ್ಮಾಡ್ತಿದ್ದೀಯ ಮಾರಾಯ?"

"ಆ ಕುರ್ಚಿ ಸರಿಸು."

"ಯಾವ ಕುರ್ಚಿ?"

"ಅದೇ. ಕಿಟಕಿ ಹತ್ರದ್ದು. ನಿನಗೆ ಬೆಳಕು ಬೇಕಲ್ಲ ಹೊಲಿಯೋಕೆ."

ನೋಲಾ ಅಲುಗಲಿಲ್ಲ. ಅವನೇ ಯಂತ್ರ ಕೆಳಗಿಟ್ಟು, ಮಾರ್ಜರಿಯ ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದು, ಮಲಗಿದವರನ್ನು ಎತ್ತಿದಷ್ಟು ಜೋಪಾನವಾಗಿ ಒಳಕೋಣೆಗೆ ಒಯ್ದ. ಮೇಜನ್ನು ಕಿಟಕಿಗೆ ಎಳೆದು ಯಂತ್ರ ಕೂರಿಸಿದ. ಆಮೇಲೆ ಮೇಜಿನ ಕಾಲು ಹಿಡಿದು, ಗಿಡ್ಡಕಾಲನ್ನು ಮುಂದೆ ಚಾಚಿ, ನರಳುತ್ತ ನೆಲಕ್ಕೆ ಕೂತ.

"ಬಾ, ನೀನೂ ಕೂತ್ಕೋ."

"ನೆಲದ ಮೇಲಾ? ಆಮೇಲೆ ಎಬ್ಬಿಸೋರು ಯಾರು ನಮ್ಮಿಬ್ಬರನ್ನ?"

"ನಾಳೆ ಅಂಚೆಯವನು ಬರ್ತಾನಲ್ಲ."

ನೋಲಾ ನಕ್ಕಳು. ಆ ವಾರದಲ್ಲಿ ಅದೇ ಮೊದಲು. ಯಂತ್ರದ ಖಾನೆಯನ್ನು ಕಿತ್ತು ತೊಡೆಯ ಮೇಲಿಟ್ಟುಕೊಂಡು, ಗಂಟುಬಿದ್ದ ದಾರಗಳನ್ನು ಬಿಡಿಸುವ ನೆವ ಮಾಡಿಕೊಂಡು ಅವನ ಪಕ್ಕದಲ್ಲಿ ಕೂತಳು. ಮರಿಯ ಕಡೆ ನೋಡಬಾರದೆಂದು ಅವನು ಹೇಳಿದ. ಇಬ್ಬರೂ ಎದುರಿನ ಗೋಡೆಯನ್ನೇ ನೋಡುತ್ತ ಕೂತರು.

"ನಿನಗೆ ಹೊಂದಿಕೊಂಡ್ತಾ ಇಲ್ಲಿ?" ಎಂದು ಅರ್ನಿ ಕೇಳಿದ.

ಅವಳು ದಾರದ ಇನ್ನೊಂದು ಗಂಟು ಬಿಡಿಸಿದಳು. "ಇಲ್ಲ," ಎಂದಳು. "ಇನ್ನೂ ಇಲ್ಲ."

ಅವನು ತಲೆಯಾಡಿಸಿದ. ಆಮೇಲೆ ಅವಳೇ ಒಂದೊಂದಾಗಿ ಹೇಳಿದಳು: ನಿಲ್ಲದ ಗಾಳಿ, ಅಂಗಡಿಯ ಬಾಗಿಲ ಗಂಟೆ ಇಲ್ಲದ ಬೆಳಗುಗಳು, ಪ್ರತಿಸಲ ಸಕ್ಕರೆ ತೆಗೆಯುವಾಗಲೂ ಆ ಚೀಟಿಯ ಅಕ್ಷರಗಳಿಗೆ ಅಪ್ಪಣೆ ಕೇಳಬೇಕೆನಿಸುವುದು. ಅವನು ಟಿಪ್ ಬಂದ ಚಳಿಗಾಲದ ಕತೆ ಹೇಳಿದ. ಅವಳ ಅಳು ತನಗೆ ಇವತ್ತಷ್ಟೇ ತಿಳಿಯಿತೆಂಬುದನ್ನೂ ಮುಚ್ಚಿಡದೆ ಹೇಳಿದ. "ಪಾಪದ ಹುಡುಗಿ," ಎಂದಳು ನೋಲಾ. ಮಾರ್ಜರಿಯನ್ನು ಯಾರಾದರೂ ಹುಡುಗಿ ಎಂದು ಕರೆದು ಎಷ್ಟು ಕಾಲವಾಗಿತ್ತೋ. ಅರ್ನಿ ಮೂಗು ಒರೆಸಿಕೊಂಡ.

ಅವಳ ಕೈತಪ್ಪಿ ಒಂದು ಬಾಬಿನ್ ನೆಲಕ್ಕೆ ಬಿದ್ದು, ಕೆಂಪು ದಾರ ಬಿಚ್ಚಿಕೊಳ್ಳುತ್ತ ಒಲೆಯ ಕಡೆ ಉರುಳಿತು. ಎತ್ತಿಕೊಳ್ಳಲು ಹೋದವಳ ಮೊಣಕೈಯನ್ನು ಅರ್ನಿ ಹಿಡಿದ. ಸಂದಿಯಿಂದ ಒಂದು ಕಂದು ಕಾಲು ಹೊರಬಂತು. ಆಮೇಲೆ ಮೂತಿ. ಕಾಲು ಬಾಬಿನ್ನನ್ನು ತಟ್ಟಿತು, ಅದು ಇನ್ನಷ್ಟು ಉರುಳಿತು. ಮರಿ ಬೆಚ್ಚಿ ಹಿಂದೆ ಹಾರಿ, ಮತ್ತೆ ಮುಂದೆ ಹಾರಿ, ಬಾಯಲ್ಲಿ ಕಚ್ಚಿಕೊಂಡು, ಅಡುಗೆಮನೆಯನ್ನು ಎರಡು ಸುತ್ತು ಓಡಿ, ಮುಕ್ಕಾಲಿಗೂ ಮೇಜಿಗೂ ಅರ್ನಿಯ ಬೂಟಿಗೂ ದಾರ ಸುತ್ತಿತು. ಕೊನೆಗೆ ಅವನ ಚಾಚಿದ ಕಾಲಿನ ಮೇಲೆ ಹತ್ತಿ ನಿಂತು, ಯೋಚನೆ ಮಾಡಿ, ಉಚ್ಚೆ ಹೊಯ್ದಿತು.

"ಅಯ್ಯೋ, ನಾನು ಮಡಿಸಿ ಹೊಲಿದ ಕಾಲೇ!" ಎಂದಳು ನೋಲಾ.

"ಅಲುಗಬೇಡ. ಮಾಂಸ ಎಲ್ಲಿ? ಆ ತಟ್ಟೆ ಎಳ್ಕೋ."

ಅವಳು ಅಂಗೈಯಲ್ಲಿ ಹಿಡಿದ ತುಣುಕನ್ನು ಮರಿ ನುಂಗಿತು. ಇನ್ನೊಂದು. ಮತ್ತೊಂದು. ನೋಲಾ ಗೋಡೆಯನ್ನೇ ನೋಡುತ್ತಿದ್ದಳು. ನಾಲಿಗೆಯ ಕಚಗುಳಿಗೆ ಅವಳ ಬೆರಳುಗಳು ಮಾತ್ರ ಮಡಚಿ ಬಿಚ್ಚುತ್ತಿದ್ದವು.

ಶನಿವಾರ ವಿಮಾನ ಮನೆಯ ಮೇಲಿಂದಲೇ ಹಾದುಹೋಯಿತು. ಬಾಬಿನ್ ಎಂಬ ಹೆಸರು ಪಡೆದ ಮರಿ ಅದಕ್ಕೆ ಬೊಗಳಿತು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಪರದೆಯ ಅಳತೆ ತೆಗೆಯುತ್ತಿದ್ದ ನೋಲಾ ತಲೆ ಎತ್ತಲಿಲ್ಲ.

ಅದಾಗಿ ಎರಡು ವಾರಕ್ಕೆ ಒಂದು ಮಧ್ಯಾಹ್ನ, ಅಲೆಗಳು ಅತಿಯಾಗಿ ಎದ್ದದ್ದರಿಂದ ಅರ್ನಿ ದಡದಿಂದ ಬೇಗ ಮರಳಿದ. ಒಳಗೆ ಸದ್ದಿಲ್ಲ. ಕಿಟಕಿಯಿಂದ ಚೌಕವಾಗಿ ಬಿದ್ದ ಚಳಿಗಾಲದ ಬಿಸಿಲಲ್ಲಿ, ಚಾಪೆಯ ಮೇಲೆ, ನೋಲಾ ಮಗ್ಗುಲಾಗಿ ನಿದ್ದೆಹೋಗಿದ್ದಳು. ಕೊರಳಲ್ಲಿ ಅಳತೆಪಟ್ಟಿ ಹಾಗೇ ಇತ್ತು. ಅವಳ ಮೊಣಕಾಲ ಮಡಿಕೆಯಲ್ಲಿ ಬಾಬಿನ್, ಹೊಟ್ಟೆ ಮೇಲೆ ಮಾಡಿಕೊಂಡು. ಒಲೆಯ ಮೇಲೆ ಟೀ ಕೆಟಲ್ಲು ಸಣ್ಣಗೆ ಗುಯ್‌ಗುಡುತ್ತಿತ್ತು. ಇನ್ನೊಂದು ಕ್ಷಣಕ್ಕೆ ಸೀಟಿ ಹೊಡೆಯುವುದರಲ್ಲಿತ್ತು.

ಅರ್ನಿ ಕಾಲುಚೀಲದಲ್ಲೇ ನಾಲ್ಕು ಹೆಜ್ಜೆ ಇಟ್ಟು, ತಲೆಯ ಟೋಪಿ ತೆಗೆದು ಹಿಡಿಗೆ ಸುತ್ತಿ, ಕೆಟಲ್ಲನ್ನು ಮೇಲೆತ್ತಿದ. ಇಡಲು ಜಾಗ ಹುಡುಕಿದ. ಮೇಜು, ಮುಕ್ಕಾಲಿ, ಸೌದೆಪೆಟ್ಟಿಗೆ ಎಲ್ಲದರ ಮೇಲೂ ಅವಳು ಕತ್ತರಿಸಿ ಸೂಜಿ ಚುಚ್ಚಿಟ್ಟ ನೀಲಿ ಬಟ್ಟೆಯ ತುಂಡುಗಳು ಹರಡಿದ್ದವು; ನೆಲಕ್ಕಿಟ್ಟರೆ ಸದ್ದಿಗೆ ಇಬ್ಬರೂ ಎದ್ದಾರು. ಅವನು ಕೆಟಲ್ಲನ್ನು ಕೈಯಲ್ಲೇ ಹಿಡಿದು, ಅಡುಗೆಮನೆಯ ನಡುವೆ, ಅದು ಆರುವ ತನಕ ನಿಂತುಕೊಂಡ.